ಸಾಧಾರಣ ಮೇಷ್ಟ್ರು

ಮೇಷ್ಟ್ರ ತೊಂದರೆಗೆಲ್ಲ ಮೂಲ ಕಾರಣ ಅವರು ಪಾಠ ಚೆನ್ನಾಗಿ ಮಾಡುತ್ತಿದ್ದುದು. ಬೇರೆ ಯಾವ ದುರಭ್ಯಾಸವೂ ಅವರಿಗಿರಲಿಲ್ಲ.

ಲೆಕ್ಕ ಎಂದರೆ ಹೊಟ್ಟೆನೋವು ಬರುವ ಮಕ್ಕಳು ಕೂಡ ಅವರ ಪಾಠ ಮುಗಿದು ಗಂಟೆ ಹೊಡೆದರೆ ಮುಖ ಸಣ್ಣಗೆ ಮಾಡಿಕೊಳ್ಳುತ್ತಿದ್ದರು. ಇದು ಊರಿಗೆಲ್ಲ ಗೊತ್ತಿತ್ತು. ಊರಿಗೆ ಗೊತ್ತಿದ್ದರೆ ಅಪಾಯವೇನಿಲ್ಲ. ಈಗ ಸರ್ಕಾರಕ್ಕೂ ಗೊತ್ತಾಗುವ ಕಾಲ ಬಂದಿತ್ತು.

ಆ ಕಾಯ್ದೆಯ ಪೂರ್ತಿ ಹೆಸರು 'ಶಾಲಾ ಶಿಕ್ಷಕರ ನೇಮಕ, ಪರವಾನಗಿ ಹಾಗೂ ಉಳಿಸಿಕೊಳ್ಳುವಿಕೆ ಕಾಯ್ದೆ'. ಒಂದೇ ಉಸಿರಿಗೆ ಹೇಳಿ ಮುಗಿಸಲಾಗದೆ ಶಿಕ್ಷಕರು ಅದನ್ನು 'ಉಳಿಸ್ಕೊಳ್ಳೋ ಕಾಯ್ದೆ' ಎನ್ನುತ್ತಿದ್ದರು. ಬೇರೆ ಜಿಲ್ಲೆಗಳಲ್ಲಿ ಜಾರಿಯಾಗಿ ಕೆಲವು ವರ್ಷವಾಗಿದ್ದ ಅದು ಈಗ ಈ ಊರಿಗೂ ಬಂದಿತ್ತು. ಡ್ರೈವರಿಗೆ ಲೈಸೆನ್ಸ್ ಇರುವ ಹಾಗೆ ಇನ್ನು ಮೇಲೆ ಮೇಷ್ಟ್ರಿಗೂ ಇರಬೇಕು. ಮೌಲ್ಯಮಾಪಕರೊಬ್ಬರು ಬಂದು ಕೊನೆಯ ಬೆಂಚಿನಲ್ಲಿ ಕೂತು ಒಂದು ಪಾಠ ಕೇಳುತ್ತಾರೆ, ಕೇಳಿ ದರ್ಜೆ ಕೊಡುತ್ತಾರೆ. 'ಕನಿಷ್ಠ' ಬಂದರೆ ಲೈಸೆನ್ಸೂ ಇಲ್ಲ, ಕೆಲಸವೂ ಇಲ್ಲ. 'ಉತ್ತಮ' ಬಂದರೆ, ಅಂಥ ರತ್ನವನ್ನು ಶಾಲೆ ಕಳೆದುಕೊಳ್ಳಬಾರದೆಂದು ಐದು ವರ್ಷ ಅಲ್ಲೇ ಇಟ್ಟುಕೊಳ್ಳುತ್ತಾರೆ, ವರ್ಗ ಕೇಳುವಂತಿಲ್ಲ. ಇವೆರಡರ ನಡುವೆ ಬರುವ 'ಸಾಧಾರಣ'ದವರು ಮಾತ್ರ ಎಲ್ಲಿಗೆ ಬೇಕಾದರೂ ವರ್ಗ ಕೇಳಬಹುದು. ಅವರು ಇದ್ದರೂ ಒಂದೇ ಹೋದರೂ ಒಂದೇ ಎಂದು ಶಾಸನ ಮಾಡಿದವರು ಯೋಚಿಸಿರಬೇಕು.

ಮೇಷ್ಟ್ರಿಗೆ ವರ್ಗ ಬೇಕಾಗಿತ್ತು. ರಾತ್ರಿಯಿಡೀ ಬಸ್ಸಿನಲ್ಲಿ ಕೂತರೆ ಬೆಳಗಿಗೆ ಸಿಗುವ ಇನ್ನೊಂದು ಊರಿನಲ್ಲಿ ಅವರ ಹೆಂಡತಿ ಸಣ್ಣ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದಳು. ಮದುವೆಯಾಗಿ ಮೂರು ವರ್ಷವಾದರೂ ಸಂಸಾರ ನಡೆದದ್ದೆಲ್ಲ ಫೋನಿನಲ್ಲಿ ಮತ್ತು ರಜೆಯಲ್ಲಿ. ಜಗಳವೂ ಸರಿಯಾಗಿ ಆಗುತ್ತಿರಲಿಲ್ಲ. ಕಾವೇರುವಷ್ಟರಲ್ಲಿ ನೆಟ್‌ವರ್ಕ್ ಹೋಗುತ್ತಿತ್ತು. ರಾಜಿಯಾಗಬೇಕೆಂದರೆ ಮುಂದಿನ ರಜೆ ಬರಬೇಕು.

ಮೌಲ್ಯಮಾಪಕರು ಬರುವ ದಿನ ಬೆಳಗ್ಗೆ ಹೆಂಡತಿಯೇ ಫೋನ್ ಮಾಡಿದಳು.

"ಇವತ್ತೊಂದು ದಿನ ಸಾಧಾರಣವಾಗಿರಿ. ನಿಮ್ಮ ಕೈಲಿ ಆಗುತ್ತೆ."

"ಹೇಗಿರಬೇಕು ಅಂತಾನೇ ಗೊತ್ತಾಗ್ತಿಲ್ಲ ಕಣೇ."

"ಮನೇಲಿ ಇರ್ತೀರಲ್ಲ, ಹಾಗೇ ಇರಿ. ಅಷ್ಟು ಸಾಕು."

ಮೇಷ್ಟ್ರಿಗೆ ಸ್ವಲ್ಪ ನೋವಾಯಿತು, ಸ್ವಲ್ಪ ಧೈರ್ಯವೂ ಬಂತು. ಅದೇ ಧೈರ್ಯದಲ್ಲಿ, ಎಮ್ಮೆ ಅಗಿದು ಉಗುಳಿದಂತಿದ್ದ ಒಂದು ಶರ್ಟು ಹುಡುಕಿ ಹಾಕಿಕೊಂಡು ಮೆಟ್ಟಿಲಿಳಿದರು.

ಮೆಟ್ಟಿಲ ಬುಡದಲ್ಲಿ ಮನೆಯ ಒಡತಿ ಅಜ್ಜಿ ಇಸ್ತ್ರಿ ಮಾಡಿದ ಬಿಳಿ ಶರ್ಟನ್ನು ಕೂಸಿನಂತೆ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

"ಅದನ್ನ ಬಿಚ್ಚು, ಇದನ್ನ ಹಾಕ್ಕೋ. ಉತ್ತಮ ತಗೊಂಡೇ ಮನೆಗೆ ಬರಬೇಕು ನೀನು."

"ಅಜ್ಜಿ, ನನಗೆ ಉತ್ತಮ ಬೇಡ. ವರ್ಗ ಬೇಕು."

"ನೀನು ಹೋದ್ರೆ ಟ್ಯಾಂಕಿನ ವಾಲ್ವ್ ಯಾರಪ್ಪಾ ತಿರುಗಿಸ್ತಾರೆ?"

"ಮನೆಗೆ ಬೇರೆಯವರು ಬರ್ತಾರಲ್ಲ."

"ಬರ್ತಾರೆ, ಬರದೇ ಏನು. ಹಿಂದೆ ಇದ್ದೋನು ಆ ವಾಲ್ವನ್ನ ಕಿತ್ತು ಕೈಗೇ ಕೊಟ್ಟಿದ್ದ," ಎಂದು ಅಜ್ಜಿ ತಾನೇ ಗುಂಡಿ ಬಿಚ್ಚಲು ಶುರುಮಾಡಿದಳು.

ಅಜ್ಜಿ ಅಷ್ಟಕ್ಕೇ ನಿಲ್ಲಿಸಿರಲಿಲ್ಲ. ಬೀದಿಗೆಲ್ಲ ಸುದ್ದಿ ಮುಟ್ಟಿಸಿದ್ದಳು. ಕ್ಷೌರಿಕ ಅಂಗಡಿಯಿಂದ ಹೊರಗೆ ಬಂದು ಮೇಷ್ಟ್ರನ್ನು ತಡೆದು, ಗಿರಾಕಿಯ ಅರ್ಧ ಗಡ್ಡವನ್ನು ನೊರೆಯಲ್ಲೇ ಬಿಟ್ಟು, ಇವರ ಕೂದಲನ್ನು ಒಂದು ಬದಿಗೆ ನೀಟಾಗಿ ಬಾಚಿ ಕಳಿಸಿದ. ಶಾಲೆಯ ಗೇಟಿಗೆ ಬರುವಾಗ ಮೇಷ್ಟ್ರು ಮದುವೆ ಗಂಡಿನ ಹಾಗೆ ಹೊಳೆಯುತ್ತಿದ್ದರು.

ಶಾಲೆಯಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟಿತ್ತು. ಹೆಡ್ ಮೇಡಂ ಅವರ ತರಗತಿಗೆ ಸುಣ್ಣ ಹೊಡೆಸಿ, ಗೋಡೆ ತುಂಬ ಚಾರ್ಟ್ ತೂಗುಹಾಕಿಸಿ, ಬಣ್ಣಬಣ್ಣದ ಸೀಮೆಸುಣ್ಣ ಜೋಡಿಸಿಟ್ಟಿದ್ದರು. ಲೆಕ್ಕದ ಮೇಷ್ಟ್ರೊಬ್ಬರು ಸಿಗುವುದು ಎಷ್ಟು ಕಷ್ಟವೆಂದು ಅವರಿಗೆ ಗೊತ್ತಿತ್ತು. ಹಿಂದೊಮ್ಮೆ ಎರಡು ವರ್ಷ ಲೆಕ್ಕವನ್ನು ಸಂಗೀತದ ಮೇಡಂ ಕಲಿಸಿದ್ದರು. ಆಗ ಓದಿದ ಮಕ್ಕಳು ಮಗ್ಗಿಯನ್ನು ಇವತ್ತಿಗೂ ರಾಗವಾಗಿ ಹೇಳುತ್ತಾರೆ, ಆದರೆ ತಪ್ಪು ಹೇಳುತ್ತಾರೆ.

"ಮೇಷ್ಟ್ರೇ, ನಿಮ್ಮ ಮನಸ್ಸಲ್ಲಿ ಏನಿದೆ ಅಂತ ನನಗೆ ಗೊತ್ತು," ಎಂದರು ಹೆಡ್ ಮೇಡಂ. "ನನ್ನ ಮನಸ್ಸಲ್ಲಿ ಏನಿದೆ ಅಂತ ನಿಮಗೂ ಗೊತ್ತು. ಇನ್ನು ದೇವರು ಮಾಡಿದ ಹಾಗೆ ಆಗಲಿ. ಜೇಬಲ್ಲಿ ಈ ಪೆನ್ನು ಇಟ್ಕೊಳ್ಳಿ, ಚೆನ್ನಾಗಿ ಕಾಣುತ್ತೆ."

ಮೇಷ್ಟ್ರ ಪರವಾಗಿದ್ದವರು ಇಡೀ ಶಾಲೆಯಲ್ಲಿ ಒಬ್ಬರೇ, ಡ್ರಿಲ್ ಮೇಷ್ಟ್ರು. ಅವರು ಇವರನ್ನು ಸೈಕಲ್ ಸ್ಟ್ಯಾಂಡಿನ ಹಿಂದಕ್ಕೆ ಎಳೆದುಕೊಂಡು ಹೋದರು.

"ನೋಡಿ, ಬೋರ್ಡ್ ಮೇಲೆ ಒಂದು ತಪ್ಪು ಮಾಡಿ. ಒಂದೇ. ಎರಡು ಮಾಡಿದ್ರೆ ಕನಿಷ್ಠಕ್ಕೆ ಜಾರಿ ಹೊಟ್ಟೆಗಿಲ್ಲದ ಹಾಗಾಗುತ್ತೆ. ಮಧ್ಯೆ ಮಧ್ಯೆ ಆಕಳಿಸಿ. ನಾನು ನಿಮ್ಮ ಕಿಟಕಿ ಮುಂದೇನೇ ಡ್ರಿಲ್ ಮಾಡಿಸ್ತಿರ್ತೀನಿ. ಪಾಠ ತೀರಾ ಚೆನ್ನಾಗಿ ಹೋದ್ರೆ ನನ್ನ ಹುಡುಗರು ಕೈ ಮೇಲೆತ್ತುತ್ತಾರೆ. ತೀರಾ ಕೆಟ್ಟುಹೋದ್ರೆ ಕೂತ್ಕೊಳ್ತಾರೆ. ಸಾಧಾರಣ ಇದ್ದಾಗ ಸುಮ್ಮನೆ ನಿಂತಿರ್ತಾರೆ. ಕಿಟಕಿ ಕಡೆ ಒಂದು ಕಣ್ಣಿಟ್ಟಿರಿ."

ಮೌಲ್ಯಮಾಪಕಿ ಬಂದರು. ನಡುವಯಸ್ಸಿನ ಹೆಂಗಸು, ಊರೂರು ತಿರುಗಿ ದಣಿದ ಮುಖ, ಕೈಯಲ್ಲಿ ಬಟ್ಟೆ ತುಂಬಿದ ದೊಡ್ಡ ಬ್ಯಾಗು. ಯಾರೊಂದಿಗೂ ಹೆಚ್ಚು ಮಾತಾಡದೆ ಕೊನೆಯ ಬೆಂಚಿಗೆ ಹೋಗಿ, ಅಲ್ಲಿದ್ದ ಹುಡುಗಿಯನ್ನು ಸ್ವಲ್ಪ ಸರಿಸಿ ಕೂತರು. ಆ ಹುಡುಗಿಯ ಹೆಸರು ಹಾಜರಿ ಕೂಗುವಾಗ ಬಿಟ್ಟರೆ ಬೇರೆ ಹೊತ್ತಿನಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಶಾಲೆಗೆ ಸೇರಿದಂದಿನಿಂದ ತಾನಾಗಿ ಒಂದು ಪ್ರಶ್ನೆ ಕೇಳಿದವಳಲ್ಲ. ಮಕ್ಕಳು ಅವಳನ್ನು ಮೌನಗೌರಿ ಎಂದು ಕರೆಯುತ್ತಿದ್ದರು.

ಮೇಷ್ಟ್ರು ಪುಸ್ತಕ ತೆರೆದು, ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುವವನ ಧಾಟಿಯಲ್ಲಿ ಓದತೊಡಗಿದರು. "ಭಿನ್ನರಾಶಿಗಳ ಸಂಕಲನ. ಛೇದಗಳು ಬೇರೆಬೇರೆಯಾಗಿದ್ದಾಗ..."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ, ಎಲ್ಲದಕ್ಕೂ ಕೈಯೆತ್ತಿ 'ಪಂಡಿತ' ಎಂದು ಅಡ್ಡಹೆಸರು ಪಡೆದಿದ್ದ ಹುಡುಗ ಈಗಲೂ ಕೈಯೆತ್ತಿದ.

"ಸರ್, ಹುಷಾರಿಲ್ವಾ?"

"ಇದೀನಿ, ಕೂತ್ಕೋ." ಮೇಷ್ಟ್ರು ಆಕಳಿಸಲು ಹೋದರು. ಬೇಕೆಂದಾಗ ಆಕಳಿಕೆ ಬರುವುದಿಲ್ಲವೆಂದು ಅವರಿಗೆ ಆಗ ಗೊತ್ತಾಯಿತು. ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು. ಹಲ್ಲುನೋವೇನೋ ಎಂದು ಒಬ್ಬ ಹುಡುಗ ನೀರಿನ ಬಾಟಲಿ ತಂದು ಕೊಟ್ಟ.

ಕಿಟಕಿಯಾಚೆ ಡ್ರಿಲ್ ಮೇಷ್ಟ್ರ ಹುಡುಗರು ಮೆಲ್ಲಗೆ ಕುಕ್ಕರಗಾಲಿಗೆ ಬರುತ್ತಿದ್ದರು.

ಇನ್ನು ತಪ್ಪು ಮಾಡುವುದೊಂದು ಬಾಕಿ. ಮೇಷ್ಟ್ರು ಬೋರ್ಡಿನ ಮೇಲೆ ಅರ್ಧ, ಅದರ ಪಕ್ಕ ಮೂರರಲ್ಲೊಂದು ಬರೆದರು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ, 'ಐದರಲ್ಲಿ ಎರಡು' ಎಂದು ಉತ್ತರ ಬರೆದರು. ಈಗ ಮಕ್ಕಳು ಹೋ ಎನ್ನುತ್ತಾರೆ, ತಾನು ನಾಲಿಗೆ ಕಚ್ಚಿಕೊಂಡು ತಿದ್ದುತ್ತೇನೆ, ಸಾಧಾರಣವಾಗಿ ಪಾಠ ಮುಗಿಯುತ್ತದೆ ಎಂಬುದು ಅವರ ಎಣಿಕೆ.

ಯಾರೂ ಹೋ ಎನ್ನಲಿಲ್ಲ. ಎಲ್ಲರೂ ತಲೆಬಗ್ಗಿಸಿ ಬರೆದುಕೊಂಡರು. ಪಂಡಿತ ಅದನ್ನು ಬರೆದು, ಕೆಳಗೆ ಗೆರೆ ಎಳೆದು, ಸುತ್ತ ಒಂದು ಚೌಕವನ್ನೂ ಹಾಕಿದ. ಮೇಷ್ಟ್ರು ಬರೆದದ್ದು ತಪ್ಪಾಗಿರಬಹುದೆಂದು ಆ ತರಗತಿಯಲ್ಲಿ ಯಾರಿಗೂ ಹೊಳೆಯಲೇ ಇಲ್ಲ.

ಈ ಮಕ್ಕಳು ದೊಡ್ಡವರಾಗಿ, ಮನೆ ಕಟ್ಟಿ, ಔಷಧಿ ಅಳೆದು, ಎಲ್ಲ ಕಡೆಯೂ ಐದರಲ್ಲಿ ಎರಡು ಎನ್ನುವುದು ಅವರ ಕಣ್ಣಮುಂದೆ ಬಂತು. ಕಿಟಕಿಯಾಚೆ ಹುಡುಗರು ಪೂರ್ತಿ ನೆಲಕ್ಕೆ ಕೂತಿದ್ದರು. ಅವರ ನಡುವೆ ಡ್ರಿಲ್ ಮೇಷ್ಟ್ರು, ಸಾಕು ನಿಲ್ಲಿಸಿ ಎನ್ನುವಂತೆ ಕೈಯಾಡಿಸುತ್ತಿದ್ದರು.

ಅಷ್ಟರಲ್ಲಿ ಹಿಂದಿನಿಂದ ಇಲಿ ಕೆರೆದಂಥ ಒಂದು ದನಿ ಬಂತು.

"ಸರ್."

ಮೌನಗೌರಿ ಎದ್ದು ನಿಂತಿದ್ದಳು. ಇಡೀ ತರಗತಿ ಹಿಂತಿರುಗಿ ನೋಡಿತು.

"ಅರ್ಧ ಇತ್ತಲ್ಲ ಸರ್. ಅದಕ್ಕೆ ಇನ್ನೂ ಸ್ವಲ್ಪ ಸೇರಿಸಿದೀವಿ. ಐದರಲ್ಲಿ ಎರಡು ಅಂದ್ರೆ ಅರ್ಧಕ್ಕಿಂತ ಕಮ್ಮಿ. ಸೇರಿಸಿದ ಮೇಲೆ ಕಮ್ಮಿ ಹೇಗಾಗುತ್ತೆ?"

ಸಾಧಾರಣ ಮೇಷ್ಟ್ರಾಗಿದ್ದರೆ 'ಆಮೇಲೆ ಹೇಳ್ತೀನಿ ಕೂತ್ಕೋ' ಎನ್ನಬೇಕಿತ್ತು. ಆ ಮಾತು ಮೇಷ್ಟ್ರ ಗಂಟಲವರೆಗೆ ಬಂತು ಕೂಡ. ಆದರೆ ಆ ಹುಡುಗಿ ಮುಂದಿನ ಬೆಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ನಿಂತದ್ದು ಅವರಿಗೆ ಕಾಣಿಸಿತು. ಇವತ್ತು ಕೂರಿಸಿದರೆ ಇವಳು ಇನ್ನು ಜನ್ಮದಲ್ಲಿ ಏಳುವುದಿಲ್ಲ.

"ಇನ್ನೊಂದು ಸಲ ಹೇಳು. ಜೋರಾಗಿ ಹೇಳು. ನಾನು ತಪ್ಪು ಮಾಡಿದೀನಿ, ನೀನು ಹಿಡಿದಿದೀಯ," ಎಂದರು.

ಆಮೇಲೆ ಏನಾಯಿತೆಂದು ಅವರಿಗೇ ತಿಳಿಯಲಿಲ್ಲ. ಅಜ್ಜಿಯ ಶರ್ಟಿನ ತೋಳು ಮಡಚಿದರು. ಚಾರ್ಟೊಂದನ್ನು ಗೋಡೆಯಿಂದ ಕಿತ್ತು ಅರ್ಧಕ್ಕೆ ಮಡಿಸಿದರು, ಮತ್ತೆ ಮೂರಾಗಿ ಮಡಿಸಿದರು, ಬಿಡಿಸಿ ಎದುರಿಗೆ ಹಿಡಿದರು. ಆರು ಮನೆಗಳು. ಅರ್ಧವೆಂದರೆ ಮೂರು ಮನೆ, ಮೂರರಲ್ಲೊಂದು ಎಂದರೆ ಎರಡು ಮನೆ. ಮೌನಗೌರಿ ಬೋರ್ಡಿನ ಬಳಿ ಬಂದು 'ಆರರಲ್ಲಿ ಐದು' ಎಂದು ಬರೆದಳು. ಪಂಡಿತ ತನ್ನ ಚೌಕದ ಪರವಾಗಿ ವಾದಿಸಿ, ಸೋತು, ತಾನೇ ಬಂದು ಮಡಿಸಿ ನೋಡಿ, "ಅರೆ, ಹೌದಲ್ಲ," ಎಂದ. ಮಕ್ಕಳೆಲ್ಲ ಹಾಳೆ ಹರಿದು ಮಡಿಸತೊಡಗಿದರು. ತರಗತಿ ಜೇನುಗೂಡಿನಂತೆ ಗುಂಯ್‌ಗುಟ್ಟಿತು.

ಗಂಟೆ ಹೊಡೆದಾಗ ಮೇಷ್ಟ್ರು ನಗುನಗುತ್ತ ಕಿಟಕಿಯತ್ತ ತಿರುಗಿದರು. ಅಲ್ಲಿ ಡ್ರಿಲ್ ಹುಡುಗರೆಲ್ಲ ಎರಡೂ ಕೈ ಮೇಲೆತ್ತಿಕೊಂಡು ನಿಂತಿದ್ದರು. ಪಾಪ, ಯಾವಾಗಿನಿಂದ ನಿಂತಿದ್ದರೋ, ಕೆಲವರ ಕೈ ವಾಲುತ್ತಿತ್ತು. ಡ್ರಿಲ್ ಮೇಷ್ಟ್ರು ಹಣೆಗೆ ಕೈಹಚ್ಚಿಕೊಂಡು ಕಲ್ಲಿನ ಮೇಲೆ ಕೂತಿದ್ದರು.

ಮೇಷ್ಟ್ರ ನಗು ಅಲ್ಲೇ ಸತ್ತಿತು. ಐದು ವರ್ಷ. ಹೆಂಡತಿಗೆ ಏನು ಹೇಳುವುದು?

ಹೆಡ್ ಮೇಡಂ ಕೋಣೆಯಲ್ಲಿ ಚಹಾ ಬಂತು. ಹೆಡ್ ಮೇಡಂ ಮುಖ ಹಬ್ಬದ ಮನೆಯಂತಿತ್ತು. ಮೇಷ್ಟ್ರು ಅಪರಾಧಿಯ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದರು.

"ಮೊದಲರ್ಧ ಶುದ್ಧ ಕನಿಷ್ಠ," ಎಂದರು ಮೌಲ್ಯಮಾಪಕಿ, ಚಹಾ ಗುಟುಕರಿಸುತ್ತ. "ಇಷ್ಟು ಕೆಟ್ಟ ಪಾಠ ನಾನು ಎಲ್ಲೂ ಕೇಳಿಲ್ಲ. ಎರಡನೇ ಅರ್ಧ ಉತ್ತಮ. ಇಷ್ಟು ಒಳ್ಳೆ ಪಾಠಾನೂ ಎಲ್ಲೂ ಕೇಳಿಲ್ಲ. ಎರಡನ್ನೂ ಸರಿದೂಗಿಸಿದ್ರೆ ಬರೋದು ಸಾಧಾರಣ."

ಮೇಷ್ಟ್ರಿಗೆ ಎದ್ದು ಕುಣಿಯಬೇಕೆನಿಸಿತು. ಹೆಡ್ ಮೇಡಂ ಕೈಯಲ್ಲಿದ್ದ ಕಪ್ಪು ತಟ್ಟೆಗೆ ತಗುಲಿ ಟಣ್ ಎಂದಿತು.

"ಮೇಡಂ, ಇನ್ನೊಂದು ಸಲ ಯೋಚಿಸಿ ನೋಡಿ," ಎಂದರು ಅವರು.

"ಬೇಡ ಮೇಡಂ, ಯೋಚಿಸೋದು ಬೇಡ," ಎಂದರು ಮೇಷ್ಟ್ರು. "ನಾನು ವರ್ಗಕ್ಕೆ ಕೇಳಬಹುದಲ್ವಾ?"

"ಕೇಳಬಹುದು. ಅದಕ್ಕೆ ಮುಂಚೆ ಒಂದು ಮಾತು. ನಮ್ಮಂಥ ಮೌಲ್ಯಮಾಪಕರು ಎಲ್ಲಿಂದ ಬರ್ತಾರೆ ಅಂತ ಯಾವತ್ತಾದ್ರೂ ಯೋಚನೆ ಮಾಡಿದೀರಾ?"

ಮೇಷ್ಟ್ರು ಮಾಡಿರಲಿಲ್ಲ.

"ಕನಿಷ್ಠದವರಿಗೆ ಲೈಸೆನ್ಸೇ ಇಲ್ಲ. ಉತ್ತಮದವರನ್ನ ಶಾಲೆಯಿಂದ ಅಲ್ಲಾಡಿಸೋ ಹಾಗಿಲ್ಲ. ಉಳಿದವರು ಯಾರು ಹೇಳಿ?"

ಎಷ್ಟಾದರೂ ಲೆಕ್ಕದ ಮೇಷ್ಟ್ರು. ಉತ್ತರ ಬೇಗ ಹೊಳೆಯಿತು. ಹೊಳೆದದ್ದೇ ಕೈಯಲ್ಲಿದ್ದ ಕಪ್ಪನ್ನು ಮೇಜಿನ ಮೇಲಿಟ್ಟರು.

"ಸಾಧಾರಣ ಬಂದವರಲ್ಲಿ ಒಬ್ಬರನ್ನ ಮೌಲ್ಯಮಾಪಕರು ತಮ್ಮ ಜಾಗಕ್ಕೆ ಆರಿಸಬಹುದು. ಆರಿಸಿದ ದಿನವೇ ಹಳಬರಿಗೆ ಬಿಡುಗಡೆ," ಎಂದು ಮೌಲ್ಯಮಾಪಕಿ ಮುಂದುವರಿಸಿದರು. ಆ ದಣಿದ ಮುಖ ನಿಧಾನವಾಗಿ ಅರಳುತ್ತಿತ್ತು. "ಎರಡು ವರ್ಷದಿಂದ ಹುಡುಕ್ತಾ ಇದೀನಿ. ನನ್ನ ಕಂಡ ಕೂಡಲೇ ಕೆಲವರು ಹೆದರಿ ಮಾತೇ ಮರೀತಾರೆ, ಕೆಲವರು ಜೀವ ಬಿಟ್ಟು ಪಾಠ ಮಾಡ್ತಾರೆ. ಮಧ್ಯದಲ್ಲಿ ನಿಲ್ಲೋರು ಒಬ್ಬರೂ ಸಿಗಲಿಲ್ಲ. ಸುಳ್ಳು ದರ್ಜೆ ಕೊಟ್ಟು ಪಾರಾಗೋಕೆ ಮನಸ್ಸು ಒಪ್ಪಲಿಲ್ಲ. ಇವತ್ತು ನೀವು ಸಿಕ್ಕಿದ್ರಿ."

"ಮೇಡಂ, ನನ್ನ ಹೆಂಡತಿ ಬೇರೆ ಊರಲ್ಲಿ..."

"ಗೊತ್ತಾಯ್ತು. ಸುಮ್ಮಸುಮ್ಮನೆ ಯಾರೂ ಹಾಗೆ ಆಕಳಿಸಲ್ಲ. ನಮ್ಮ ಯಜಮಾನರೂ ಬೇರೆ ಊರಲ್ಲಿ ಮೇಷ್ಟ್ರು. ಅವರ ಹತ್ರ ಹೋಗಬೇಕು ಅಂತಾನೇ ನಾನೂ ಕಷ್ಟಪಟ್ಟು ಸಾಧಾರಣ ತಗೊಂಡಿದ್ದು. ಆವತ್ತು ನನ್ನ ಪಾಠ ಕೇಳೋಕೆ ಬಂದಿದ್ದವರು ಓಡಿದ ಓಟ ನೀವು ನೋಡಬೇಕಿತ್ತು." ಮೌಲ್ಯಮಾಪಕಿ ಎದ್ದು ಬ್ಯಾಗು ಹೆಗಲಿಗೇರಿಸಿದರು. "ಇನ್ನೊಂದು ಸಣ್ಣ ನಿಯಮ ಇದೆ. ಗಂಡನೋ ಹೆಂಡತಿಯೋ ಕೆಲಸ ಮಾಡೋ ಜಿಲ್ಲೆಗೆ ಮೌಲ್ಯಮಾಪಕರು ಕಾಲಿಡೋ ಹಾಗಿಲ್ಲ. ಪಕ್ಷಪಾತ ಆಗುತ್ತೆ ಅಂತ."

"ರಜೆಯಲ್ಲಿ?"

"ಮೌಲ್ಯಮಾಪಕರಿಗೆ ರಜೆ ಇಲ್ಲ," ಎಂದು ಮೇಷ್ಟ್ರ ಎರಡೂ ಕೈ ಹಿಡಿದು ಕುಲುಕಿ, ಚಹಾ ಅರ್ಧಕ್ಕೇ ಬಿಟ್ಟು, ಆಕೆ ಬಸ್ಸಿಗೆ ಹೊರಟೇಹೋದರು. ಗೇಟಿನಾಚೆ ಆ ವಯಸ್ಸಿಗೆ ಒಪ್ಪದಷ್ಟು ಜೋರಾಗಿ ಓಡಿದ್ದನ್ನು ಡ್ರಿಲ್ ಮೇಷ್ಟ್ರು ಕಣ್ಣಾರೆ ಕಂಡರು.

"ಐದು ವರ್ಷ ಇಟ್ಕೊಳ್ಳೋಣ ಅಂತಿದ್ದೆ," ಎಂದರು ಹೆಡ್ ಮೇಡಂ ಗೋಡೆ ನೋಡುತ್ತ. "ಇನ್ನು ಲೆಕ್ಕ ಮತ್ತೆ ಸಂಗೀತದವರಿಗೇ."

ಮೇಷ್ಟ್ರು ಹೊರಗೆ ಬಂದು, ಖಾಲಿ ತರಗತಿಯ ಬೆಂಚಿನ ಮೇಲೆ ಕೂತು ಹೆಂಡತಿಗೆ ಫೋನ್ ಮಾಡಿದರು. ಕಾಯುತ್ತಿದ್ದವಳು ಕೂಡಲೇ ತೆಗೆದಳು. ನಡೆದದ್ದನ್ನೆಲ್ಲ ಕೇಳಿಸಿಕೊಂಡಳು.

"ಎಲ್ಲಿವರೆಗೆ ಇದು?" ಎಂದಳು ಕೊನೆಗೆ.

"ನನ್ನಂಥ ಇನ್ನೊಬ್ಬ ಸಾಧಾರಣ ಮನುಷ್ಯ ಸಿಗೋವರೆಗೆ."

ಆ ಕಡೆ ಸದ್ದಿಲ್ಲ. ನೆಟ್‌ವರ್ಕ್ ಹೋಯಿತೆಂದುಕೊಂಡರು ಮೇಷ್ಟ್ರು. ಹೋಗಿರಲಿಲ್ಲ, ಮೂಗು ಸೊರಗುಟ್ಟಿದ್ದು ಕೇಳಿಸಿತು. ಮದುವೆಯಾದಾಗಿನಿಂದ ಒಂದು ಸಲವೂ ಅವರನ್ನು ಹೊಗಳದಿದ್ದ ಹೆಂಡತಿ ಮನಸಾರೆ ಹೇಳಿದಳು:

"ನಿಮ್ಮಂಥೋರು ಈ ಲೋಕದಲ್ಲಿ ಇನ್ನೊಬ್ರು ಎಲ್ಲಿ ಸಿಕ್ತಾರೆ ರೀ."