ನಡುನೀರಿನ ಹೋಟ್ಲಿಗೆ ಬಂದ ನಮ್ಮೂರ ನೆಂಟರು

ಸಮುದ್ರದ ನಡುವೆ ಹೋಗಿ ಕೂತರೆ ನೆಂಟರ ಕಾಟ ಇರೋದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾನು ಕೂತು ನೋಡಿದ್ದೇನೆ. ದೋಣಿ ಹತ್ತಿ ಬರ್ತಾರೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಕಡೂರಿನಲ್ಲಿ ಎಲ್ಲೂ ಕೆಲಸ ಸಿಗದೆ, ಕೆಂಪು ಬಸ್ಸು ಹತ್ತಿ ಘಟ್ಟ ಇಳಿದು, ಪಡುವಣ ಕಡಲಿನ ಒಂದು ಪುಟ್ಟ ದ್ವೀಪದ ಹೋಟೆಲಿಗೆ ಮ್ಯಾನೇಜರ್ ಆಗಿ ಸೇರಿಕೊಂಡೆ. ಮ್ಯಾನೇಜರ್ ಅಂದರೆ ಬಾಯಿ ತೆರೀಬೇಡಿ. ಕೋಣೆ ತೋರಿಸೋನು, ಸುಟ್ಟ ಬಲ್ಬು ಬಿಚ್ಚೋನು, ಜನರೇಟರ್ ಕೆಟ್ಟರೆ ಒದೆಯೋನು, ಸಾಹುಕಾರರ ಕೈಲಿ ಬೈಸಿಕೊಳ್ಳೋನು, ಎಲ್ಲಾ ನಾನೇ. ಆದರೆ ಸಿಂಗಟಗೆರೆಯಲ್ಲಿ ನಮ್ಮವ್ವ ಮಾತ್ರ "ನನ್ನ ಮಗ ಸಮುದ್ರದಲ್ಲಿ ಮ್ಯಾನೇಜರ್" ಅಂತ ಸಂತೆಯಲ್ಲೆಲ್ಲ ಸಾರಿಕೊಂಡು ಬಂದಿದ್ದಳು.

ನಮ್ಮ ಕಡೆ ಹೋಟ್ಲು ಅಂದರೆ ದೋಸೆ ತಿಂದು, ಕೈ ತೊಳೆದು, ಎದ್ದು ಬರೋ ಜಾಗ. ಅಲ್ಲಿ ಹಾಸಿಗೆ ಹಾಕ್ಕೊಂಡು ಮಲಗೋದು ಅನ್ನೋದನ್ನ ನಮ್ಮವರು ಯಾರೂ ಒಪ್ಪಲಿಲ್ಲ. ನಾನು ಅಲ್ಲಿದ್ದೀನಿ ಅಂದಮೇಲೆ ಅದು ನನ್ನ ಮನೆ. ನನ್ನ ಮನೆ ಅಂದಮೇಲೆ ಅವರ ಮನೆ. ಲೆಕ್ಕ ಸರಿಯಾಗೇ ಇತ್ತು.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ನನಗೆ ಆಗಲೇ ಮೂವತ್ತು ದಾಟಿತ್ತು, ಮದುವೆ ಆಗಿರಲಿಲ್ಲ. ಅವ್ವ ಹೆಣ್ಣು ಹುಡುಕಿ ಹುಡುಕಿ ಸಾಕಾಗಿದ್ದಳು. ಹೆಣ್ಣಿನ ಕಡೆಯವರು ಹುಡುಗ ಹೇಗೆ, ಅವನಿರೋ ಜಾಗ ಹೇಗೆ ಅಂತ ಯಾರನ್ನ ವಿಚಾರಿಸಬೇಕು? ದ್ವೀಪಕ್ಕೆ ಹೋಗಿ ಬಂದ ನೆಂಟರನ್ನ. ನನ್ನ ಗ್ರಹಚಾರ ಕೆಟ್ಟಿದ್ದು ಅಲ್ಲೇ.

೧. ಕೋಡಿ ಬೀಳುತ್ತೆ, ಬನ್ರೋ!

ಮೊದಲು ಬಂದವರು ಬುಕ್ಕಾಂಬುಧಿಯ ಒಬ್ಬ ಹಿರಿಯರು. ಅವ್ವನಿಗೆ ದೂರದ ಅಣ್ಣ, ನನಗೆ ಮಾವ. ಜೀವಮಾನವೆಲ್ಲ ಆ ದೊಡ್ಡ ಕೆರೆಯ ತೂಬು ಎತ್ತಿ ಇಳಿಸಿ, ಏರಿ ಮೇಲೆ ಓಡಾಡಿದ ಜೀವ. ದೋಣಿ ಇಳಿದವರೇ ಸೊಂಟಕ್ಕೆ ಕೈ ಕೊಟ್ಟು ಸಮುದ್ರ ನೋಡಿದರು. ಆಹಾ ಇಲ್ಲ, ಓಹೋ ಇಲ್ಲ.

"ನೀರೇನೋ ಐತೆ. ಏರಿ ಎಲ್ಲೋ?"

"ಏರಿ ಇಲ್ಲ ಮಾವ, ಇದು ಸಮುದ್ರ."

"ತೂಬು?"

"ಅದೂ ಇಲ್ಲ."

"ಇಷ್ಟು ನೀರಿಗೆ ಏರಿ ಇಲ್ಲ, ತೂಬಿಲ್ಲ. ಯಾರೋ ಇದನ್ನ ನೋಡ್ಕಳೋರು?"

ನಾನು ಆಕಾಶದ ಕಡೆ ಕೈ ತೋರಿಸಿದೆ. "ಅದಕ್ಕೇ ಹಿಂಗಾಗಿರೋದು" ಅಂದರು.

ಸಂಜೆ ಭರತ ಏರಿತು. ದಿನಾ ಏರುತ್ತೆ, ಹೋಟೆಲಿನ ಕೆಳಗಿನ ಮೆಟ್ಟಿಲು ತೋಯಿಸಿ ತನ್ನ ಪಾಡಿಗೆ ಇಳಿಯುತ್ತೆ. ಒಂದು ಮೆಟ್ಟಿಲು ಮುಳುಗಿದ್ದನ್ನ ಮಾವ ನೋಡಿದರು. ಇನ್ನೊಂದು ಮುಳುಗಿದ್ದನ್ನೂ ನೋಡಿದರು. ಪಂಚೆ ಎತ್ತಿ ಕಟ್ಟಿ ಕೂಗಿದರು ನೋಡಿ, "ಕೋಡಿ ಬೀಳುತ್ತೆ, ಬನ್ರೋ! ಮೂಟೆ ತನ್ರೋ!"

ನಾನು ಓಡಿ ಬರೋ ಹೊತ್ತಿಗೆ ಅಡುಗೆಮನೆಯ ಅಕ್ಕಿ ಮೂಟೆಗಳೆಲ್ಲ ಮೆಟ್ಟಿಲ ಮೇಲೆ ಒಡ್ಡಾಗಿ ನಿಂತಿದ್ದವು. ಬೊಂಬಾಯಿಯಿಂದ ಬಂದಿದ್ದ ಹೊಸ ಗಂಡಹೆಂಡತಿ ಬಕೆಟ್ಟಿನಲ್ಲಿ ಮರಳು ಹೊರುತ್ತಿದ್ದರು. ಒಬ್ಬ ಬಿಳಿಯ, ಇದೇನೋ ಈ ಊರಿನ ಹಬ್ಬ ಅಂದುಕೊಂಡು, ಫೋಟೋ ಹೊಡೆದುಕೊಂಡು ತಾನೂ ಒಂದು ಮೂಟೆಗೆ ಹೆಗಲು ಕೊಟ್ಟಿದ್ದ. ಸಾಹುಕಾರರು ಬಂದರು. "ಎಂತ ಮಾರಾಯ್ರೆ ಇದು? ನಾಳೆ ಅನ್ನಕ್ಕೆ ಉಪ್ಪು ಹಾಕುವುದು ಬೇಡವಾ ಹಾಗಾದರೆ?"

ನೀರು ಎಂದಿನ ಹಾಗೆ ಇಳಿಯಿತು. ಮಾವ ಬೆವರು ಒರೆಸಿಕೊಂಡು, "ನಾನಿಲ್ದಿದ್ರೆ ಇವತ್ತು ನಿಮ್ಮ ಹೋಟ್ಲು ಕೊಚ್ಕೊಂಡು ಹೋಗ್ತಿತ್ತು ಸಾಮಿ" ಅಂದರು.

ಊರಿಗೆ ಹೋಗಿ ಅದನ್ನೇ ಹೇಳಿದರು. ಆಗ ತರೀಕೆರೆ ಕಡೆ ಒಂದು ಸಂಬಂಧ ನಡೀತಿತ್ತು. "ದಿನಾ ಸಂಜೆ ಮುಳುಗೋ ಮನೆಗೆ ಹೆಣ್ಣು ಕೊಡಲ್ಲ" ಅಂತ ಹೇಳಿ ಕಳಿಸಿದರು. ಮಾವ ಮಾತ್ರ ಅವ್ವನ ಹತ್ತಿರ, "ನಿನ್ನ ಮಗನ ಜೀವ ಉಳಿಸಿ ಬಂದಿದ್ದೀನಿ ಕಣವ್ವ" ಅಂತ ಹೇಳಿ ಒಂದು ಜೊತೆ ಹೊಸ ಪಂಚೆ ಇಸ್ಕೊಂಡು ಹೋದರು.

೨. ಮುಡಿ ಕೊಟ್ಟ ಮರಗಳು

ಆಮೇಲೆ ಬಂದವರು ಚೌಳಹಿರಿಯೂರಿನ ತೆಂಗಿನ ತೋಟದವರು, ನಮ್ಮ ಚಿಕ್ಕಪ್ಪನ ಬೀಗರು. ಬರಿಗೈಲಿ ಬರಬಾರದು ನೋಡಿ, ಒಂದು ಮೂಟೆ ತೆಂಗಿನಕಾಯಿ ಹೊತ್ತು ತಂದಿದ್ದರು. ತೆಂಗಿನ ಮರ ಬಿಟ್ಟು ಬೇರೇನೂ ಇಲ್ಲದ ದ್ವೀಪಕ್ಕೆ.

ಗೊಂಚಲು ಗೊಂಚಲು ಕಾಯಿ ಬಿಟ್ಟ ಆ ಮರಗಳೇ ಸಾಹುಕಾರರ ಪ್ರಾಣ. ಬಂದವರೆಲ್ಲ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳೋರು. ಬೀಗರಿಗೆ ಅದು ನೋಡಿ ಹೊಟ್ಟೆ ಉರಿಯಿತು. "ಕಾಯಿ ಬಲಿತು ಒಣಗ್ತಾ ಐತಲ್ಲೋ, ಕೀಳ್ಸಲ್ವಾ?" ಅಂದರು. "ಅದು ನೋಡೋಕೆ ಬಿಟ್ಟಿರೋದು" ಅಂದೆ. "ತೆಂಗಿನಕಾಯಿನ ನೋಡ್ತಾರಾ?" ಅಂತ ನನ್ನನ್ನೇ ಮೇಲಿಂದ ಕೆಳಗೆ ನೋಡಿದರು.

ಮಾರನೇ ದಿನ ತರಕಾರಿ ತರೋಕೆ ದಡಕ್ಕೆ ಹೋಗಿದ್ದೆ. ವಾಪಸು ಬರುವಾಗ ದೋಣಿಯಿಂದ ನೋಡಿದರೆ ದ್ವೀಪ ಗುರುತೇ ಸಿಗಲಿಲ್ಲ. ಮರಗಳೆಲ್ಲ ಮುಡಿ ಕೊಟ್ಟು ಬಂದ ತಲೆ ಥರ ಬೋಳಾಗಿದ್ದವು. ಕಾಯಿ ರಾಶಿ ನನ್ನ ಆಫೀಸಿನ ಬಾಗಿಲಿಗೆ, ಸಿಪ್ಪೆ ರಾಶಿ ಪ್ರವಾಸಿಗರು ಬಿಸಿಲು ಕಾಯಿಸೋ ಕುರ್ಚಿಗಳ ಮೇಲೆ. ಸಾಹುಕಾರರು ತಲೆ ಮೇಲೆ ಕೈ ಹೊತ್ತು ಕೂತಿದ್ದರು.

"ನಮ್ಮ ಹುಡುಗ ಅಂತ ಮಾಡ್ದೆ ಸಾಮಿ, ಕೂಲಿ ಏನೂ ಬೇಡ" ಅಂದರು ಬೀಗರು.

"ಕೂಲಿ ಬೇಡವಂತೆ! ಕೇಳಿದಿರಾ ಮಾರಾಯ್ರೆ? ಎಷ್ಟು ದೊಡ್ಡ ಮನಸ್ಸು!" ಸಾಹುಕಾರರು ನನ್ನ ಕಡೆ ತಿರುಗಿದರು. "ಇನ್ನೊಂದು ಸಲ ನಿಮ್ಮ ಊರಿನವರು ಹೀಗೆ ಮಾಡಿದರೆ, ಅವರು ಹೋಗುವ ದೋಣಿಯಲ್ಲೇ ನೀವೂ ಹೋಗಿ." ಆ ರಾಶಿ ಕಣ್ಣಿಗೆ ಬೀಳೋದೇ ಬೇಡ ಅಂತ ಅವತ್ತೇ ದಡಕ್ಕೆ ಸಾಗಿಸಿಬಿಟ್ಟರು.

ಬೀಗರು ಊರಲ್ಲಿ ನನ್ನನ್ನ ಬೈಯಲಿಲ್ಲ, ಸುಳ್ಳು ಹೇಳಬಾರದು. "ಹುಡುಗ ಒಳ್ಳೇನು, ಆದ್ರೆ ಮೈಗಳ್ಳ. ಕಾಯಿ ಒಣಗ್ತಿದ್ರೂ ಕುರ್ಚಿ ಹಾಕ್ಕೊಂಡು ನೋಡ್ತಾ ಕೂತಿರ್ತಾನೆ" ಅಂದರಂತೆ, ಅಷ್ಟೇ. ಎರಡನೇ ಸಂಬಂಧವೂ ಹೋಯ್ತು. ಇಷ್ಟೆಲ್ಲ ಆದಮೇಲೆ ಹೊರಡುವಾಗ, "ನಾವು ತಂದ ಮೂಟೆ ಖಾಲಿ ಮಾಡಿ ಗೋಣಿಚೀಲ ಕೊಟ್ಬಿಡಪ್ಪ" ಅಂತ ಕೇಳಿ ಇಸ್ಕೊಂಡು ಹೋದರು.

೩. ನಾಲ್ಕೂ ಕಡೆ ಒಬ್ಬನೇ

ಆಮೇಲೆ ಕಡೂರಿನ ತಾಲ್ಲೂಕು ಕಛೇರಿಯಿಂದ ರಿಟೈರಾದ ಶಿರಸ್ತೇದಾರರೊಬ್ಬರು ಬಂದರು, ಅವರೂ ನಮಗೆ ದೂರದ ನೆಂಟರೇ. ಸಫಾರಿ ಸೂಟು, ಕಂಕುಳಲ್ಲಿ ಕೊಡೆ. ಎಲ್ಲರೂ ಸೂರ್ಯ ಮುಳುಗೋದು ನೋಡ್ತಿದ್ದರೆ ಇವರು ನನ್ನನ್ನ ಕರೆದು, "ಈ ಜಾಗದ ಚಕ್ಕುಬಂದಿ ಹೇಳು" ಅಂದರು.

"ಪೂರ್ವಕ್ಕೆ ಸಮುದ್ರ ಸಾರ್."

"ಪಶ್ಚಿಮಕ್ಕೆ?"

"ಸಮುದ್ರ."

"ಉತ್ತರ ದಕ್ಷಿಣ?"

"ಅದೂ ಸಮುದ್ರಾನೇ."

"ನಾಲ್ಕೂ ಕಡೆ ಒಬ್ಬನೇ ಬಾಜುದಾರ! ಇದು ಉಳಿಯೋ ಆಸ್ತಿ ಅಲ್ಲ ಕಣಯ್ಯ" ಅಂತ ನಿಟ್ಟುಸಿರು ಬಿಟ್ಟರು. ಬೆಳಿಗ್ಗೆ ಎದ್ದು ಕೊಡೆಯಲ್ಲೇ ಮರಳು ಅಳೆದರು. ಮಧ್ಯಾಹ್ನ ನೀರು ಏರಿದ ಮೇಲೆ ಮತ್ತೆ ಅಳೆದರು. ಆಮೇಲೆ ನೇರ ಸಾಹುಕಾರರ ಹತ್ತಿರ ಹೋಗಿ, "ಹಾಡಹಗಲೇ ಒತ್ತುವರಿ ಆಗ್ತಿದೆ, ನೀವು ಒಂದು ತಕರಾರು ಅರ್ಜಿ ಕೂಡ ಹಾಕಿಲ್ಲ" ಅಂತ ಗದರಿದರು.

ಸಾಹುಕಾರರು ಪಾಪ, "ಯಾರ ಮೇಲೆ ಹಾಕುವುದು?" ಅಂತ ಕೇಳಿದರು.

ಶಿರಸ್ತೇದಾರರು ಸಮುದ್ರದ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಮೊದಲು ರಾಜಿಗೆ ಕರೀರಿ" ಅಂದರು.

ಊರಲ್ಲಿ ಇವರು ಹೇಳಿದ್ದು, ಹುಡುಗ ಇರೋ ಜಾಗಕ್ಕೆ ಸರಿಯಾದ ಗಡಿನೇ ಇಲ್ಲ ಅಂತ. ಮೂರನೇ ಸಂಬಂಧವೂ ಅಷ್ಟಕ್ಕೇ ಮುಗೀತು. ಅವ್ವ ಟ್ರಂಕ್ ಕಾಲ್ ಮಾಡಿಸಿ, "ನಿನಗೆ ನೆಂಟರೇ ಶತ್ರುಗಳು ಕಣೋ" ಅಂತ ಅತ್ತಳು. ಇನ್ನು ನನ್ನ ಕೈಹಿಡಿಯೋರು ಯಾರೂ ಇಲ್ಲ ಅಂತ ನಿಜವಾಗಿಯೂ ಅನ್ನಿಸಿಬಿಟ್ಟಿತು. ನನಗೂ ಅಳು ಬಂತು, ಆದರೆ ಲೈನು ಕಟ್ಟಾಯ್ತು.

೪. ಗಂಡಿನ ಮನೆ ಉಪ್ಪು

ಉಳಿದಿದ್ದು ಅಜ್ಜಂಪುರದ ಕಡೆಯ ಒಂದೇ ಸಂಬಂಧ. ಇದು ತಪ್ಪಿದರೆ ನಾನಿನ್ನು ಸನ್ಯಾಸಿನೇ ಅಂತ ಅವ್ವ ತೀರ್ಮಾನ ಕೊಟ್ಟಿದ್ದಳು. ಹುಡುಗಿಯ ಅಪ್ಪ ಈರುಳ್ಳಿ ಬೆಳೆಯೋರು. ಗಾಳಿಮಾತು ನಂಬಲ್ಲ, ಕಣ್ಣಾರೆ ನೋಡ್ತೀನಿ ಅಂತ ತಮ್ಮ ಅಕ್ಕನನ್ನ ಕರೆದುಕೊಂಡು ಬಂದರು. ಬೆಳಿಗ್ಗೆ ಬಂದು ಸಂಜೆ ವಾಪಸು ಅನ್ನೋ ಲೆಕ್ಕ. ಮಳೆಗಾಲ ಹೊಸ್ತಿಲಲ್ಲಿತ್ತು.

ದೋಣಿ ಇಳಿಯುವಾಗ ಅಕ್ಕನ ಒಂದು ಚಪ್ಪಲಿ ನೀರಿಗೆ ಬಿತ್ತು. ಇಸ್ತ್ರಿ ಮಾಡಿದ ಪ್ಯಾಂಟಲ್ಲೇ ಸೊಂಟದುದ್ದ ನೀರಿಗಿಳಿದು ಎತ್ತಿಕೊಟ್ಟೆ. ಆಯಮ್ಮ ಅದನ್ನ ಕಾಲಿಗೆ ಹಾಕ್ಕೊಂಡು ಮುಂದೆ ನಡೆದರು. ಕಂಕುಳಲ್ಲಿ ಒಂದು ಬಟ್ಟೆಗಂಟು ಇತ್ತು, ಕೊಡಿ ಹಿಡ್ಕೋತೀನಿ ಅಂದರೆ ಕೊಡಲಿಲ್ಲ. ಇದೂ ಹೋಯ್ತು ಅಂದುಕೊಂಡೆ.

ಹುಡುಗಿಯ ಅಪ್ಪ ಕುರ್ಚಿಯಲ್ಲಿ ಕೂತವರೇ ಶುರು ಮಾಡಿದರು. "ನೋಡಪ್ಪಾ, ಮುಚ್ಚುಮರೆ ಬೇಡ. ದಿನಾ ಮುಳುಗ್ತದಂತೆ. ಮೈಗಳ್ಳ ಅಂತಾರೆ. ಜಾಗಕ್ಕೆ ಗಡಿ ಇಲ್ವಂತೆ. ನನಗೇನೋ ಇದು ಆಗೋ ಮಾತಲ್ಲ ಅನ್ಸುತ್ತೆ." ನೆಂಟರು ಒಂದನ್ನೂ ಬಿಟ್ಟಿರಲಿಲ್ಲ.

ಹೋಟೆಲಿನ ಅಡುಗೆ ಭಟ್ಟರು ಬಾಳೆಎಲೆ ಹಾಕಿ ಊಟಕ್ಕೆ ಕರೆದರು. ಹುಡುಗಿಯ ಅಪ್ಪ ಊಟಕ್ಕೆ ಎದ್ದೇಬಿಟ್ಟರು. ಅಕ್ಕ ತಡೆದರು. "ಲೇ, ಕೂತ್ಕೊಳೋ. ಮಾತು ಕುದುರೋ ತನಕ ಗಂಡಿನ ಮನೇಲಿ ಉಪ್ಪು ಮುಟ್ಟಬಾರದು. ಕಾಫಿ ಬೇಕಾದ್ರೆ ಕುಡಿ."

"ಇದು ಹೋಟ್ಲು ಕಣಕ್ಕ, ಗಂಡಿನ ಮನೆ ಅಲ್ಲ."

"ಗಂಡು ಎಲ್ಲಿ ಮಲಗ್ತಾನೋ ಅದೇ ಗಂಡಿನ ಮನೆ."

ನಾನಿರೋ ಹೋಟ್ಲೇ ನನ್ನ ಮನೆ ಅನ್ನೋ ನಮ್ಮ ಕಡೆಯವರ ಸಿದ್ಧಾಂತ ಇಷ್ಟು ವರ್ಷದಲ್ಲಿ ಅವರಿಗೇ ತಿರುಗಿ ಹೊಡೆದಿದ್ದು ಅದೇ ಮೊದಲು. ಅಪ್ಪ ಬುತ್ತಿಯನ್ನು ಘಟ್ಟ ಇಳಿಯೋ ಮೊದಲೇ ಬಸ್ಸಿನಲ್ಲಿ ಮುಗಿಸಿದ್ದರು. ಸರಿ, ಸಂಜೆ ದಡಕ್ಕೆ ಹೋಗಿ ತಿನ್ನೋಣ ಅಂತ ಕಾಫಿ ಕುಡಿದರು. ಅಷ್ಟರಲ್ಲಿ ಗಾಳಿ ಎದ್ದಿತು. ದೋಣಿಯವನು ಬಂದು, "ಇವತ್ತು ಆಗುವುದಿಲ್ಲ, ಕಡಲು ಬಿಡುವುದಿಲ್ಲ" ಅಂತ ಹೇಳಿ ಹೋಗಿ ಮಲಗಿದ.

ಅಪ್ಪ ಇದ್ದ ಬಾಳೆಹಣ್ಣೆಲ್ಲ ಮುಗಿಸಿದರು. ಎಳನೀರು ಕೇಳಿದರು. ಮರಗಳು ಇನ್ನೂ ಬೋಳಾಗಿದ್ದವು, ಚೌಳಹಿರಿಯೂರಿನ ಬೀಗರ ಪುಣ್ಯ. "ಸಿಹಿ ತಿನ್ನಬಹುದಲ್ಲಕ್ಕ, ಶಿರಾಕ್ಕೆ ಉಪ್ಪು ಹಾಕಲ್ಲ" ಅಂದರು. ಬಾಗಿಲಲ್ಲಿದ್ದ ಭಟ್ಟರು ಸತ್ಯಸಂಧರು, "ನಾವು ಒಂದು ಚಿಟಿಕೆ ಹಾಕ್ತೇವೆ" ಅಂದುಬಿಟ್ಟರು. ಅಪ್ಪ ಬೇಜಾರಾಗಿ ಹೋಗಿ ನೀರಿನ ಹತ್ತಿರ ನಿಂತು, ಅಲೆ ಸಿಡಿದ ತುಟಿಯನ್ನ ನಾಲಿಗೆಯಲ್ಲಿ ಸವರಿಕೊಂಡರೆ ಅಕ್ಕ ಅಲ್ಲಿಂದಲೇ ಕೂಗಿದರು. "ಒರೆಸ್ಕಳೋ! ಅದೂ ಗಂಡಿನ ಕಡೆ ಉಪ್ಪೇ!"

"ನೀನೂ ತಿಂದಿಲ್ವಲ್ಲಕ್ಕ?" ಅಂತ ಅಪ್ಪ ಗೋಗರೆದರು.

"ನನಗೆ ಸೋಮವಾರ, ಶಿವರಾತ್ರಿ ಎಲ್ಲಾ ಅಭ್ಯಾಸ ಐತೆ. ನೀನು ಹುಟ್ಟಿದಾಗಿನಿಂದ ಒಂದು ಹೊತ್ತು ಬಿಟ್ಟೋನಲ್ಲ."

ಮರುದಿನವೂ ಗಾಳಿ ನಿಲ್ಲಲಿಲ್ಲ. ಭಟ್ಟರಿಗೆ ನನ್ನ ಮೇಲೆ ಕನಿಕರವೋ, ಹಾಕಿದ ಎಲೆಗೆ ಕೂರದವರ ಮೇಲೆ ಸಿಟ್ಟೋ ಗೊತ್ತಿಲ್ಲ, ಅಪ್ಪ ಕೂತಿದ್ದ ಕಿಟಕಿಯ ಕೆಳಗೇ ಒಲೆ ಹೂಡಿ ತುಪ್ಪದಲ್ಲಿ ಈರುಳ್ಳಿ ಹುರಿಯೋಕೆ ಕೂತರು. ಜೀವನವೆಲ್ಲ ಈರುಳ್ಳಿ ಬೆಳೆದ ಮನುಷ್ಯ. ಕಣ್ಣಲ್ಲಿ ನೀರು ಬಂತು.

"ಅಕ್ಕಾ" ಅಂದರು, "ಮುಳುಗ್ತದೆ ಅಂದಿದ್ದೆಲ್ಲ ಸುಳ್ಳು ಕಣೇ. ಬರೀ ಮೆಟ್ಟಿಲು ತೋಯ್ತದೆ."

"ಹೂಂ."

ಈರುಳ್ಳಿ ಕೆಂಪಗಾಯಿತು. "ಮೈಗಳ್ಳ ಅಂದೋನು ಯಾವನು? ಹುಡುಗ ಪಾಪ ನಿಂತಲ್ಲಿ ನಿಲ್ಲಲ್ಲ."

"ಗಡಿ ಇಲ್ಲ ಅಂದ್ಯಲ್ಲೋ?"

"ಗಡಿ ಇಟ್ಕೊಂಡು ಏನು ಮಾಡ್ತೀಯ? ಅಕ್ಕಪಕ್ಕದೋರ ಜಗಳ ಇಲ್ಲ, ದಾರಿ ತಂಟೆ ಇಲ್ಲ. ಮಗಳು ಸುಖವಾಗಿರ್ತಾಳೆ."

ಭಟ್ಟರು ಕಾವಲಿಗೆ ದೋಸೆ ಹುಯ್ದ ಸದ್ದು ಕೇಳಿಸಿತು. ಅಪ್ಪ ಎದ್ದು ನಿಂತರು. "ಹುಡುಗ ಚಿನ್ನ ಕಣಕ್ಕ! ತಾಂಬೂಲ ಬದಲಾಯಿಸ್ಬಿಡಾಣ!"

"ನೆನ್ನೆ ಆಗೋ ಮಾತಲ್ಲ ಅಂದೋನು ನೀನೇ ಅಲ್ವೇನೋ?"

"ನೆನ್ನೆ ನನಗೆ ಬುದ್ಧಿ ಇರಲಿಲ್ಲ!"

ನನ್ನ ಕಡೆ ಹಿರಿಯರಾಗಿ ಸಾಹುಕಾರರೇ ಕೂತರು. ತಾಂಬೂಲಕ್ಕೆ ಕಾಯಿ ಬೇಕಲ್ಲ, ಭಟ್ಟರು ಚಟ್ನಿಗೆ ಇಟ್ಟುಕೊಂಡಿದ್ದ ಒಂದೇ ಕಾಯಿ ಕೊಟ್ಟರು. "ಮಾವನವರೇ, ಚಟ್ನಿ ಇಲ್ಲದೆ ದೋಸೆ ಆಗುತ್ತಾ?" ಅಂತ ಕೇಳಿದೆ. ಮಾತು ಮುಗಿಯೋದರೊಳಗೆ ಎರಡು ದೋಸೆ ಒಳಗೆ ಹೋಗಿತ್ತು. ಅವ್ವನಿಗೆ ಹೇಗೆ ಹೇಳಲಿ, ಏನಂತ ಹೇಳಲಿ ಅಂತ ಖುಷಿಯಲ್ಲಿ ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದೆ.

ಗಾಳಿ ನಿಂತಿತು. ಮಾವನವರು ಏಳಲಾರದೆ ಎದ್ದು ದೋಣಿ ಹತ್ತಿ ಅಲ್ಲೇ ಗೊರಕೆ ಹೊಡೆದರು. ಅಕ್ಕನ ಕೈ ಹಿಡಿದು ಹತ್ತಿಸುವಾಗ ಆಯಮ್ಮ ಕಂಕುಳ ಗಂಟು ಬಿಚ್ಚಿ ನನ್ನ ಕೈಗಿಟ್ಟರು. ಅಟ್ಟಿ ಕಟ್ಟಿದ ಖಡಕ್ ರೊಟ್ಟಿ, ಒಂದು ಡಬ್ಬಿ ಚಟ್ನಿಪುಡಿ. ಒಂದು ಚೂರೂ ಮುರಿದಿರಲಿಲ್ಲ.

"ಇದು ನಿಮ್ಮನೆ ಉಪ್ಪೇ ಅಲ್ವಾ ದೊಡ್ಡಮ್ಮ? ನೆನ್ನೆನೇ ಇಬ್ಬರೂ ತಿನ್ನಬಹುದಿತ್ತಲ್ಲ!"

ಅಕ್ಕ ಗೊರಕೆ ಬರುತ್ತಿದ್ದ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು. "ನೀನು ಚಪ್ಪಲಿ ಎತ್ಕೊಟ್ಟಾಗಲೇ ನಾನು ಒಪ್ಪಿದ್ದೆ ಕಣಪ್ಪ. ಇವನು ನಾನು ಹೇಳಿದ್ರೆ ಕೇಳೋನಲ್ಲ. ಅದಕ್ಕೇ ಇವನ ಹೊಟ್ಟೆ ಕೈಲಿ ಹೇಳಿಸ್ದೆ."