ಮೂರು ಲೈಟು, ಮೂವತ್ತು ಚಂದ್ರಿಕೆ

ಕೋಲಾರದಿಂದ ನಂಗಲಿಗೆ ಓಡುವ ಬಸ್ಸಿನಲ್ಲಿ ಮೂವತ್ತೆರಡು ವರ್ಷ ಕಂಡಕ್ಟರಾಗಿದ್ದವನಿಗೆ ಸಿನಿಮಾ ಮಾಡುವುದು ಯಾವ ಮಹಾ ವಿದ್ಯೆ? ಈ ಧೈರ್ಯದಿಂದಲೇ ನಾನು ನಿವೃತ್ತಿಯಾದ ಮರುವರ್ಷ ಸಮುದಾಯ ಕಾಲೇಜಿನ ಆರು ತಿಂಗಳ ಚಲನಚಿತ್ರ ಕೋರ್ಸಿಗೆ ಅರ್ಜಿ ಹಾಕಿದೆ. 'ಪೂರ್ವಾನುಭವ' ಎಂಬಲ್ಲಿ 'ಜನಸಂದಣಿ ನಿರ್ವಹಣೆ' ಎಂದು ಬರೆದೆ. ಸೀಟು ಸಿಕ್ಕಿತು. ಯಾರಿಗೂ ಸಿಗದೇ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ತರಗತಿಯಲ್ಲಿ ನಾನೇ ಹಿರಿಯ. ಪಾಠ ಮಾಡುವ ಮೇಡಂಗೆ ನನ್ನ ಮಗಳ ವಯಸ್ಸು. ಮೊದಲ ದಿನ ನನಗೆ ನಿರ್ದೇಶನ ಒಪ್ಪಿಸಿದಾಗ 'ಆಕ್ಷನ್' ಎನ್ನುವ ಬದಲು ಅಭ್ಯಾಸಬಲದಿಂದ 'ರೈಟ್ ರೈಟ್' ಎಂದುಬಿಟ್ಟೆ. 'ಕಟ್' ಎನ್ನಬೇಕಾದಲ್ಲಿ 'ಹೋಲ್ಡಾನ್'. ಕ್ಯಾಮೆರಾ ಹಿಡಿದ ಹುಡುಗಿ ನಕ್ಕು ನಕ್ಕು ನೆಲಕ್ಕೆ ಕೂತಳು. ನಾನು ಅದನ್ನು ಮೆಚ್ಚುಗೆ ಎಂದೇ ತೆಗೆದುಕೊಂಡೆ.

ಎರಡನೇ ವಾರ ಮೇಡಂ ಬೆಳಕಿನ ಪಾಠ ಮಾಡಿದರು. ಒಂದು ಲೈಟು ಮುಂದೆ, ಒಂದು ಪಕ್ಕದಲ್ಲಿ, ಒಂದು ಹಿಂದೆ. ಬೆಳಕಿಲ್ಲದೆ ಸಿನಿಮಾ ಇಲ್ಲ. ಈ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಎರಡು ಗೆರೆ ಎಳೆದೆ. ನನ್ನ ಗ್ರಹಚಾರ ಶುರುವಾದದ್ದು ಆ ಗೆರೆಗಳಿಂದಲೇ.

ಕೋರ್ಸು ಮುಗಿಯುವಾಗ ಪ್ರತಿಯೊಬ್ಬರೂ ಐದು ನಿಮಿಷದ ಚಿತ್ರ ಮಾಡಿ ಒಪ್ಪಿಸಬೇಕು. ಹುಡುಗರೆಲ್ಲ ಪ್ರೇಮಭಂಗ, ದೆವ್ವ ಎಂದು ಹೊರಟರು. ನಾನು ಮಾತ್ರ ಸತ್ಯವನ್ನೇ ತೆಗೆಯುತ್ತೇನೆ ಎಂದು ಘೋಷಿಸಿದೆ. ರೇಷ್ಮೆಹುಳು ಗೂಡು ಕಟ್ಟುವುದು! ಅದಕ್ಕಾಗಿ ನಾನು ಊರೂರು ಅಲೆಯಬೇಕಿರಲಿಲ್ಲ. ಹುತ್ತೂರಿನ ಪಕ್ಕದ ನಮ್ಮ ಹಳ್ಳಿಯಲ್ಲಿ, ನಮ್ಮ ಮನೆಯ ಹಿಂದೆಯೇ, ನನ್ನ ಹೆಂಡತಿ ಯಶೋದಮ್ಮ ಹುಳು ಸಾಕುತ್ತಾಳೆ.

ಸಾಕುತ್ತಾಳೆ ಎಂದರೆ ಸಾಲದು. ಕೋಲಾರದ ಗೂಡಿನ ಮಾರುಕಟ್ಟೆಯಲ್ಲಿ ಅವಳಿಗೆ ಹೆಸರಿದೆ. ಅವಳ ಗೂಡು ಸುರಿಯುವ ಮೊದಲೇ ನೂಲು ತೆಗೆಯುವ ರೀಲರ್‌ಗಳು ಬಂದು ಸುತ್ತ ನಿಲ್ಲುತ್ತಾರೆ. ಆ ಹೆಸರನ್ನು ಅವಳು ಹದಿನೆಂಟು ವರ್ಷ ಕಾಪಾಡಿಕೊಂಡು ಬಂದಿದ್ದಳು. ಅಷ್ಟು ವರ್ಷವೂ ನಾನು ಬಸ್ಸಿನಲ್ಲಿದ್ದೆ ಎಂಬುದನ್ನು ಓದುಗರು ಗಮನಿಸಬೇಕು.

ಅವಳನ್ನು ಒಪ್ಪಿಸಲು ಒಂದು ವಾರ ಹಿಡಿಯಿತು. ಕೊನೆಗೆ ನಾನು ಕೈಕಾಲು ತೊಳೆದೇ ಬರಬೇಕು, ಸ್ವಲ್ಪ ಹೊತ್ತು ಮಾತ್ರ ಎಂಬ ಕರಾರಿನ ಮೇಲೆ ಬಿಟ್ಟುಕೊಂಡಳು. ಯಾವ ಸಿನಿಮಾ ಮುಹೂರ್ತ ಪೂಜೆಯಿಲ್ಲದೆ ಶುರುವಾಗುತ್ತದೆ? ನಾನು ಹುಳುಮನೆಯೊಳಗೆ ಕ್ಯಾಮೆರಾಕ್ಕೆ ಕುಂಕುಮ ಇಟ್ಟು, ಕಾಯಿ ಹಿಡಿದು, ಒಂದು ಕಟ್ಟು ಊದುಬತ್ತಿ ಹಚ್ಚಿದೆ. ಹೊಗೆ ಒಂದು ಸುತ್ತು ಸುತ್ತುವುದರೊಳಗೆ ಯಶೋದೆ ಹಾರಿ ಬಂದು, ಊದುಬತ್ತಿಯ ಸಮೇತ ನನ್ನನ್ನು ಅಂಗಳಕ್ಕೆ ತಳ್ಳಿದಳು. ಊದುಬತ್ತಿ ಹೊಗೆಗೆ ರೇಷ್ಮೆಹುಳು ಸಾಯುತ್ತದೆ. ಮನೆಯ ಯಜಮಾನನಿಗೆ ಇದು ಗೊತ್ತಿರಲಿಲ್ಲ! ಪುಣ್ಯಕ್ಕೆ ಹುಳು ಉಳಿದವು. ಕಾಯಿ ಚಟ್ನಿಯಾಯಿತು.

ಹುಳು ಹಣ್ಣಾದ ದಿನ, ಅಂದರೆ ಎಲೆ ಬಿಟ್ಟು ಗೂಡು ಕಟ್ಟಲು ಸಿದ್ಧವಾದ ದಿನವೇ, ಶ್ರೀನಿವಾಸಪುರದಲ್ಲಿ ಅವಳ ತಂಗಿಯ ಮಗಳ ಸೀಮಂತ. ಯಶೋದೆ ನಸುಕಿಗೇ ಎದ್ದು ಹುಳುಗಳನ್ನು ಆರಿಸಿ ಚಂದ್ರಿಕೆಗೆ ಹಾಕಿದಳು. ಚಂದ್ರಿಕೆ ಎಂದರೆ ಬಿದಿರಿನ ದೊಡ್ಡ ತಟ್ಟೆ, ಅದರ ತುಂಬ ಸುರುಳಿ ಸುರುಳಿಯಾಗಿ ದಬ್ಬೆಯ ಓಣಿಗಳು. ಒಂದೊಂದು ಹುಳು ತನಗೊಂದು ಜಾಗ ಹಿಡಿದು ಗೂಡು ಕಟ್ಟುತ್ತದೆ. ಅಂಥ ಮೂವತ್ತನ್ನು ಹುಳುಮನೆಯ ಗೋಡೆಗೆ ಒರಗಿಸಿ, ಹೊರಡುವ ಮೊದಲು ಅವಳು ಹೇಳಿದಳು:

"ಮುಟ್ಬೇಡಿ. ಹೊಗೆ ಬೇಡ. ಹೊರಗಿನೋರ್ನ ಒಳಗೆ ಬಿಡ್ಬೇಡಿ. ನೀವು ಏನೂ ಮಾಡ್ದೆ ಇದ್ರೆ ಅದೇ ದೊಡ್ಡ ಉಪಕಾರ ಕಣ್ರೀ."

ನಿಯಮ ಪುಸ್ತಕದಲ್ಲಿ ಇಲ್ಲದ್ದನ್ನೆಲ್ಲ ಮಾಡಬಹುದು ಎಂಬುದು ಕಂಡಕ್ಟರಾಗಿ ನಾನು ಕಲಿತ ಪಾಠ. ಲೈಟಿನ ಬಗ್ಗೆ ಅವಳು ಚಕಾರ ಎತ್ತಿರಲಿಲ್ಲ.

ಹತ್ತು ಗಂಟೆಗೆ ಬಾಷಾ ಬಂದ. ಮುಳಬಾಗಿಲಿನಲ್ಲಿ ಮದುವೆ ವಿಡಿಯೋ ತೆಗೆಯುವವನು, ನನ್ನ ಸಹಪಾಠಿ. ಮದುವೆಗೆ ಬಳಸುವ ಅವನ ಮೂರು ಲೈಟು ಹಾಕಿದರೆ ವಧುವಿನ ಮುಖದ ಮೇಲೆ ಬೆವರಿನ ಕಾಲುವೆ ಹರಿಯುತ್ತದೆ. ಹೊರಗಿನವನಾದ್ದರಿಂದ ಕಾನೂನಿನ ಪ್ರಕಾರ ಅವನನ್ನು ಕಿಟಕಿಯಾಚೆಯೇ ನಿಲ್ಲಿಸಿ, ಲೈಟುಗಳನ್ನಷ್ಟೇ ಒಳಗೆ ತೆಗೆದುಕೊಂಡೆ. ಇಡೀ ದಿನದ ಕೆಲಸ ಎರಡು ನಿಮಿಷದಲ್ಲಿ ಓಡುವಂತೆ ಕ್ಯಾಮೆರಾ ಕ್ಷಣಕ್ಕೊಂದು ಚಿತ್ರ ತೆಗೆಯುವ ಏರ್ಪಾಟಾಯಿತು. ಅದನ್ನು ಮೂಲೆಯಲ್ಲಿ ನಿಲ್ಲಿಸಿ 'ರೈಟ್ ರೈಟ್' ಎಂದೆ.

ಅರ್ಧ ಗಂಟೆಯಲ್ಲಿ ಹುಳುಗಳು ಬೆಳಕಿನ ಕಡೆಯಿಂದ ಸರಿದು ಚಂದ್ರಿಕೆಯ ನೆರಳಿನ ಅಂಚಿಗೆ ಹೋದವು. ನಾಚಿಕೆಯಿರಬೇಕು ಎಂದುಕೊಂಡೆ. ಬಾಷಾ ಕಿಟಕಿಯಿಂದ ಸಲಹೆ ಕೊಟ್ಟ: "ಮದ್ವೆ ಗಂಡೂ ಹಿಂಗೇ ಅಣ್ಣಾ. ಲೈಟ್ ಬಿದ್ರೆ ಮುಖ ತಿರುಗಿಸ್ತಾನೆ. ಆ ಕಡೆ ಇನ್ನೊಂದ್ ಲೈಟ್ ಇಡು, ಸರಿಹೋಗ್ತಾನೆ."

ಆ ಕಡೆ ಇಟ್ಟೆ. ಹುಳುಗಳು ಈ ಕಡೆ ಬಂದವು. ಈ ಕಡೆ ಇಟ್ಟೆ. ಕೆಳಗೆ ಇಳಿದವು. ಹೀಗೆ ಸಂಜೆಯವರೆಗೆ ನಾನು ಲೈಟು ಹೊತ್ತು ಅಟ್ಟಿದ್ದೇ ಅಟ್ಟಿದ್ದು, ಅವು ಓಡಿದ್ದೇ ಓಡಿದ್ದು. ಕೊನೆಗೆ ಚಂದ್ರಿಕೆಗಳ ಮುಕ್ಕಾಲು ಭಾಗ ಬೋಳಾಗಿ, ಹುಳುಗಳೆಲ್ಲ ತಳದ ಕತ್ತಲಲ್ಲಿ ಒಂದರ ಮೇಲೊಂದು ಬಿದ್ದುಕೊಂಡಿದ್ದವು. ನನ್ನ ಬಸ್ಸಿನಲ್ಲೂ ಅಷ್ಟು ಜನ ಹತ್ತಿರಲಿಲ್ಲ. ಆದರೂ ದೃಶ್ಯದಲ್ಲಿ ಒಳ್ಳೆಯ ಚಲನೆಯಿದೆ ಎಂದು ನಾನು ಹಿಗ್ಗಿದೆ!

ಐದು ಗಂಟೆಗೆ ಯಶೋದೆ ಬಂದಳು. ಕೈಯಲ್ಲಿ ಸೀಮಂತದ ಬಾಗಿನದ ಚೀಲ, ತಲೆಯಲ್ಲಿ ಹೂವು. ಬಾಗಿಲಲ್ಲೇ ನಿಂತಳು.

ನನ್ನ ಹೆಂಡತಿಗೆ ಕೋಪ ಬಂದರೆ ಕನ್ನಡದಲ್ಲಿ ಬೈಯುತ್ತಾಳೆ. ಕೋಪ ಹೆಚ್ಚಾದರೆ ತವರಿನ ತೆಲುಗಿಗೆ ಹೋಗುತ್ತಾಳೆ. ಅವತ್ತು ಎರಡೂ ಬರಲಿಲ್ಲ. ಅವಳು ಚಂದ್ರಿಕೆಗಳನ್ನೇ ನೋಡುತ್ತ ನಿಂತಳು. ನಾನು ಅವಳ ಸುತ್ತ ಓಡಾಡುತ್ತ ಮುಂದಿನ ಬೆಳಕು, ಪಕ್ಕದ ಬೆಳಕು, ಹಿಂದಿನ ಬೆಳಕಿನ ಪ್ರಯೋಜನಗಳನ್ನು ವಿವರಿಸಿದೆ. ಅವಳ ಕಣ್ಣಲ್ಲಿ ನೀರು ಕಂಡಾಗ ನನ್ನ ವಿವರಣೆ ಬಾಯಲ್ಲೇ ಉಳಿಯಿತು. ಅವಳು ಮುಂದೆ ಬಂದು ಲೈಟುಗಳನ್ನು ಒಂದೊಂದಾಗಿ ಆರಿಸಿದಳು.

ಗೂಡು ಬಿಡಿಸಿದ ದಿನ ನೋಡಿದರೆ, ಅರ್ಧಕ್ಕರ್ಧ ಜೋಡಿಗೂಡು. ಎರಡು ಹುಳು ಜಾಗವಿಲ್ಲದೆ ಸೇರಿ ಒಂದೇ ಗೂಡು ಕಟ್ಟಿದರೆ ಎಳೆ ಸಿಕ್ಕಾಗುತ್ತದೆ, ನೂಲು ಬರುವುದಿಲ್ಲ. ಮಾರುಕಟ್ಟೆಯಲ್ಲಿ ಎಂದಿನಂತೆ ರೀಲರ್‌ಗಳು ಸುತ್ತ ನಿಂತರು. ಅವಳನ್ನು ಬಹಳ ವರ್ಷಗಳಿಂದ ಬಲ್ಲ ವಯಸ್ಸಾದ ಸಾಹೇಬರೊಬ್ಬರು ಒಂದು ಬೊಗಸೆ ಎತ್ತಿ ನೋಡಿ, ಮೆಲ್ಲಗೆ ಕೆಳಗಿಟ್ಟರು.

"ಇದು ನಿಮ್ದೇ ಗೂಡಾ ಅಮ್ಮಾ?"

ನನ್ನ ಕಡೆ ಬೆರಳು ತೋರಿಸಿದ್ದರೆ ಅವಳ ಹೆಸರು ಉಳಿಯುತ್ತಿತ್ತು. ನಾನೂ ಅದಕ್ಕೆ ತಲೆ ತಗ್ಗಿಸಿ ಸಿದ್ಧನಾಗಿ ನಿಂತಿದ್ದೆ.

"ನಮ್ದೇ ಸಾಬ್ರೇ. ಈ ಸಲ ಹಿಂಗಾಯ್ತು," ಎಂದಳು.

ನನಗೆ ಅಲ್ಲೇ ಭೂಮಿಗೆ ಇಳಿದುಹೋಗಬೇಕೆನಿಸಿತು. ಬೈಗುಳವಾದರೆ ಇಷ್ಟು ವರ್ಷದ ಅಭ್ಯಾಸವಿದೆ, ತಡೆದುಕೊಳ್ಳುತ್ತಿದ್ದೆ. ಮನೆಗೆ ಬಂದವನೇ ಕ್ಯಾಮೆರಾದಲ್ಲಿದ್ದದ್ದನ್ನು ನೋಡದೆಯೇ ಬಾಷಾನಿಗೆ ಕೊಟ್ಟು, ಏನಾದರೂ ಮಾಡಿ ಒಪ್ಪಿಸಿಬಿಡು ಎಂದೆ.

ಪ್ರದರ್ಶನದ ದಿನ ಮೇಡಂ ತಾವೇ ಫೋನ್ ಮಾಡಿ ಯಶೋದೆಯನ್ನು ಕರೆಸಿದ್ದರು. ಅವಳು ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಳು. ನನ್ನ ಚಿತ್ರ ಶುರುವಾಯಿತು. ಪರದೆಯ ಮೇಲೆ ಹುಳುಗಳು ನೀರು ಹರಿದಂತೆ ಬೆಳಕಿನಿಂದ ಓಡಿಹೋದವು. ಹಿಂದೆಯೇ ಲುಂಗಿ ಕಟ್ಟಿದ ಒಬ್ಬ ಆಸಾಮಿ ಲೈಟು ಹೊತ್ತು ಅತ್ತಿಂದಿತ್ತ ಜಿಗಿಯತೊಡಗಿದ. ಆ ವೇಗದಲ್ಲಿ ಅವನು ಮಂಗನಿಗಿಂತ ಹೆಚ್ಚೇನೂ ಕಾಣುತ್ತಿರಲಿಲ್ಲ. ಸಭೆ ಬಿದ್ದು ಬಿದ್ದು ನಕ್ಕಿತು. ಆಮೇಲೆ ಯಶೋದೆ ಬಂದು ನಿಂತಳು. ಮಂಗ ಅವಳ ಸುತ್ತ ಗಿರಗಿರ ತಿರುಗಿತು. ಅವಳು ಮಾತ್ರ ಅಲುಗಲಿಲ್ಲ. ನಗು ನಿಂತಿತು. ಒಂದು ಲೈಟು ಆರಿತು, ಇನ್ನೊಂದು ಆರಿತು, ಪರದೆ ಕತ್ತಲಾಯಿತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಎಲ್ಲರೂ ತಿರುಗಿದ್ದು ಅವಳ ಕಡೆಗೆ!

ಚಿತ್ರ ಹೇಗಿತ್ತು ಎಂದು ಮೇಡಂ ಅವಳನ್ನೇ ಕೇಳಿದರು.

"ಹುಳ ಚೆನ್ನಾಗಿ ಮಾಡಿದಾವೆ ಮೇಡಂ," ಎಂದಳು. "ಇವ್ರದೇ ಸ್ವಲ್ಪ ಜಾಸ್ತಿಯಾಯ್ತು."

ಅದು ಲೈಟು ಆರಿಸಿದ ಸಂಜೆಯಿಂದ ಹದಿನೈದು ದಿನಗಳಲ್ಲಿ ಅವಳು ನನ್ನ ಬಗ್ಗೆ ಆಡಿದ ಮೊದಲ ಮಾತು. ನನಗೆ ಹೋದ ಜೀವ ಬಂತು.

ನಾನು ಪಾಸಾದೆ. ನನ್ನ ದೊಡ್ಡ ಫೋಟೋ ಅಂಟಿಸಿದ ಪ್ರಮಾಣಪತ್ರವೂ ಬಂತು. ಕಟ್ಟು ಹಾಕಿಸಿ ತಂದು, ನಡುಮನೆಯಲ್ಲಿ ಎಲ್ಲಿ ತೂಗುಹಾಕಲಿ ಎಂದು ಕೇಳಿದೆ. ಯಶೋದೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಹೋದಳು. ಅಂತೂ ಕ್ಷಮಿಸಿದಳು, ಒಳ್ಳೆಯ ಜಾಗವನ್ನೇ ಹುಡುಕುತ್ತಾಳೆ ಎಂದು ನಾನು ಎದೆಯುಬ್ಬಿಸಿ ಕಾದೆ.

ಜಾಗ ಒಳ್ಳೆಯದೇ. ಹೋಗಿ ಬರುವವರಿಗೆಲ್ಲ ಕಾಣುತ್ತದೆ. ಹುಳುಮನೆ ಬಾಗಿಲ ಹೊರಗೆ, ಕಣ್ಣಿನ ಎತ್ತರಕ್ಕೆ ಮೊಳೆ ಹೊಡೆದು ಹಾಕಿದ್ದಾಳೆ. ನನ್ನ ಫೋಟೋದ ಕೆಳಗೆ, ಗೋಡೆಯ ಮೇಲೆ, ಸೀಮೆಸುಣ್ಣದ ದಪ್ಪ ಅಕ್ಷರಗಳಲ್ಲಿ ಬರೆದಿದ್ದಾಳೆ: 'ಇವರಿಗೆ ಪ್ರವೇಶವಿಲ್ಲ.'