ಬೆರಳೆತ್ತಿದ ಮೇಲೆ

ಬಿಳಿ ಟೊಪ್ಪಿಗೆ ಹಾಕಿಕೊಂಡು ಮೈದಾನದ ನಡುವೆ ನಿಂತವರು ಜಗಳ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ವಿಳಾಸ ಕೇಳಿಕೊಂಡು ಬರುತ್ತದೆ. ನಾನು ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಸುತ್ತಮುತ್ತ ಎಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ನಡೆದರೂ ಅಂಪೈರಿಂಗಿಗೆ ನನಗೆ ಕರೆ ಬರುತ್ತದೆ. ನನ್ನ ಪಾಂಡಿತ್ಯ ನೋಡಿ ಅಲ್ಲ. "ಹೆಣ್ಣುಮಕ್ಕಳು ನಿಂತ್ರ ಹುಡುಗ್ರು ಬೈಯೂದು ಕಡಿಮಿ ಮಾಡ್ತಾರ್ರಿ ಮೇಡಂ" ಎಂದು ಒಬ್ಬ ಸಂಘಟಕರು ಮುಖದ ಮೇಲೇ ಹೇಳಿದ್ದಾರೆ. ಬೈಗುಳ ಕಡಿಮೆಯಾಗಿದ್ದು ನಿಜ. ವಾದ ಮಾತ್ರ ಒಂದು ತೊಲೆಯೂ ಇಳಿದಿಲ್ಲ.

ಕಾಲು ಮೊದಲೋ, ಚೆಂಡು ಮೊದಲೋ

ಬ್ಯಾಡಗಿ ಹೊರಗಿನ ಒಂದು ಬಯಲಿನಲ್ಲಿ ಫೈನಲ್ ಮ್ಯಾಚು. ಮೂರು ಕಡೆ ಸುಣ್ಣದ ಗೆರೆ ಎಳೆದಿದ್ದರು. ನಾಲ್ಕನೆಯ ಕಡೆ ಒಬ್ಬ ಅಜ್ಜಿ ಮೆಣಸಿನಕಾಯಿ ಒಣಹಾಕಿದ್ದಳು. "ಆ ಕಡಿ ಮೆಣಸಿನಕಾಯೇ ಬೌಂಡರಿ" ಎಂದು ಎರಡೂ ತಂಡದವರು ಒಪ್ಪಿಕೊಂಡಿದ್ದರು.

ಕೊನೆಯ ಚೆಂಡು, ಐದು ರನ್ ಬೇಕು. ಬ್ಯಾಟ್ಸ್‌ಮನ್ ಕಣ್ಣು ಮುಚ್ಚಿ ಬೀಸಿದ. ಚೆಂಡು ಎತ್ತರಕ್ಕೆ ಹಾರಿ ಮೆಣಸಿನಕಾಯಿ ಕಡೆಗೇ ಹೋಯಿತು. ಅದನ್ನೇ ನೋಡುತ್ತ ಓಡಿದ ಫೀಲ್ಡರ್ ಕೆಂಪು ರಾಶಿಯೊಳಗೆ ಕಾಣೆಯಾದ. ಸ್ವಲ್ಪ ಹೊತ್ತಿಗೆ ಸೀನು ಕೇಳಿಸಿತು, ಆಮೇಲೆ ಒಂದು ಕೈ ಮೇಲೆದ್ದಿತು. ಕೈಯಲ್ಲಿ ಚೆಂಡು.

"ಕ್ಯಾಚ್!" ಎಂದರು ಒಂದು ತಂಡದವರು.

"ಕಾಯಿ ತುಳಿದು ಹಿಡದಾನ, ಸಿಕ್ಸ್!" ಎಂದರು ಇನ್ನೊಂದು ತಂಡದವರು.

ನನಗೆ ಅಷ್ಟು ದೂರ ಏನೂ ಕಂಡಿರಲಿಲ್ಲ. ಅಲ್ಲಿಗೇ ಹೋಗಿ ಅಜ್ಜಿಯನ್ನು ಕೇಳಿದೆ, "ಅಜ್ಜೀ, ಖರೇ ಹೇಳು. ಇವನ ಕಾಲು ಮೊದಲ ಬಂತೋ, ಚೆಂಡು ಮೊದಲ ಬಂತೋ?"

"ಕಾಲೇ ಬಂತವಾ! ಈ ಖೋಡಿ ಎರಡೂ ಕಾಲಿಟ್ಟು ನನ್ನ ಕಾಯಿ ಮ್ಯಾಲ ಕುಣದ. ಚೆಂಡು ಹಿಂದಾಗಡಿ ಬಂತು."

ಇಷ್ಟು ಸ್ಪಷ್ಟ ಸಾಕ್ಷಿ ಕೋರ್ಟಿನಲ್ಲೂ ಸಿಗುವುದಿಲ್ಲ. ನಾನು ಅಲ್ಲೇ ನಿಂತು ಎರಡೂ ಕೈ ಮೇಲೆತ್ತಿ ಸಿಕ್ಸ್ ಕೊಟ್ಟೆ. ಗೆದ್ದವರು ಕೇಕೆ ಹೊಡೆದರು. ಅಜ್ಜಿ ನನ್ನ ಎತ್ತಿದ ಕೈಗಳನ್ನು ನೋಡಿ ಇನ್ನೂ ಸಿಟ್ಟಾದಳು.

"ಅಯ್ಯ ನಮ್ಮವ್ವ, ನೀ ಯಾಕ ಕೈ ಎತ್ತಿ ನಿಂತಿ? ಅಂವನ್ನ ಹಿಡಿ!"

ಸಪ್ಪಳ

ರಾಣೆಬೆನ್ನೂರಿನಲ್ಲಿ ಮಾಸ್ತರರ ತಂಡಕ್ಕೂ ನೌಕರರ ತಂಡಕ್ಕೂ ಒಂದು ಸ್ನೇಹದ ಮ್ಯಾಚು. ನೌಕರರ ತಂಡದಲ್ಲಿ ನಮ್ಮ ಮನೆಯವರೂ ಇದ್ದರು. ನಾನು ಅಂಪೈರ್. ಅವರು ಎರಡು ಬೌಂಡರಿ ಹೊಡೆದು, ನನ್ನ ಕಡೆ ತಿರುಗಿ ಮೀಸೆ ತೀಡಿದರು. ಮುಂದಿನ ಚೆಂಡು ಬ್ಯಾಟಿನ ಅಂಚು ಸವರಿ ಕೀಪರನ ಕೈ ಸೇರಿತು, ಮಾಸ್ತರರೆಲ್ಲ ಕೂಗಿ ಅಪೀಲ್ ಮಾಡಿದರು. ನಾನು ಬೆರಳೆತ್ತಿದೆ.

ಮನೆಯವರು ಕದಲಲಿಲ್ಲ. "ಎಲ್ಲಿ ತಾಗೇತಿ?"

"ಬ್ಯಾಟಿಗೆ ತಾಗೇತ್ರಿ. ಸಪ್ಪಳ ಕೇಳಿಸ್ತು."

"ಮನ್ಯಾಗ ನಾ ಹತ್ತು ಸಲ ಚಹಾ ಅಂದ್ರೂ ನಿನಗ ಕೇಳ್ಸಂಗಿಲ್ಲ. ಇಷ್ಟು ಸಣ್ಣ ಸಪ್ಪಳ ಹೆಂಗ ಕೇಳಿಸ್ತು?"

ಇಡೀ ಮೈದಾನ ನಕ್ಕಿತು. ನಾನು ಬೆರಳು ಇಳಿಸಲಿಲ್ಲ. "ಮನ್ಯಾಗ ಯಾರೂ ಅಪೀಲ್ ಮಾಡಂಗಿಲ್ಲಲ್ರಿ" ಎಂದೆ. ಅವರು ಬ್ಯಾಟು ಎಳೆಯುತ್ತ ಹೊರಟರು.

ಸಂಜೆ ಮನೆಯಲ್ಲಿ ಅತ್ತೆಯ ಮುಂದೆ ಮೇಲ್ಮನವಿ ಸಲ್ಲಿಕೆಯಾಯಿತು. "ನೋಡವಾ, ಹೇಂತಿ ಆಗಿ ನನ್ನ ಔಟ್ ಕೊಟ್ಟಾಳ. ತಾಗೇ ಇಲ್ಲ ಅದು." ಅತ್ತೆ ಸೊಪ್ಪು ಸೋಸುತ್ತಿದ್ದರು, ತಲೆ ಎತ್ತಲಿಲ್ಲ.

"ಸಣ್ಣಾಂವಿದ್ದಾಗ ಬೆಲ್ಲದ ಡಬ್ಬಿ ಮುಟ್ಟೇ ಇಲ್ಲ ಅಂತಿದ್ದಿ, ಬಾಯಿ ತುಂಬ ಬೆಲ್ಲ ಇರ್ತಿತ್ತು. ಔಟ್ ಆಗೀದಿ. ಕೈಕಾಲು ತೊಳ್ಕೋ ಹೋಗು."

ಅವತ್ತಿನಿಂದ ಅವರು ನನ್ನ ತೀರ್ಪಿಗೆ ಎದುರಾಡಿಲ್ಲ. ಚಹಾವನ್ನೂ ತಾವೇ ಮಾಡಿಕೊಳ್ಳುತ್ತಾರೆ.

ಮರುಪರಿಶೀಲನೆ

ಇದು ಚಿಕ್ಕದು. ಹಲಗೇರಿಯಲ್ಲಿ ಒಬ್ಬನಿಗೆ ರನೌಟ್ ಕೊಟ್ಟೆ. "ಮೇಡಂ, ನಮ್ಮ ದೋಸ್ತ ನನ್ನ ಫೋನಿನ್ಯಾಗ ವಿಡಿಯೋ ಮಾಡ್ಯಾನ, ನೋಡೇ ಬಿಡೂಣು" ಎಂದು ಸವಾಲು ಹಾಕಿದ. ಎರಡೂ ತಂಡ ಒಂದು ಫೋನಿನ ಸುತ್ತ ಮುಗಿಬಿತ್ತು. ವಿಡಿಯೋದಲ್ಲಿ ಆತ ಓಡಿ ಬರುತ್ತಿದ್ದಾನೆ, ಚೆಂಡೂ ಬರುತ್ತಿದೆ, ಇನ್ನೇನು ವಿಕೆಟ್ಟಿಗೆ ಬಡಿಯಬೇಕು, ಆಗ ಪರದೆಯ ತುಂಬ 'ಅವ್ವ' ಎಂದು ಕರೆ ಬಂತು. ಯಾರದೋ ಬೆರಳು ತಾಗಿ ಸ್ಪೀಕರೂ ಶುರುವಾಯಿತು.

"ಎಲ್ಲಿ ಹಾಳಾಗಿ ಹೋಗೀದಿ? ಎಮ್ಮಿ ಒದರಾಕತ್ತೇತಿ, ನಿಮ್ಮಪ್ಪ ಊರಾಗಿಲ್ಲ. ಲಗೂ ಬಾ!"

ಆತ ಬ್ಯಾಟು ಅಲ್ಲೇ ಬಿಟ್ಟು ಗಾಡಿ ಹತ್ತಿದ. ಸ್ಕೋರು ಬರೆಯುವವನು ಕೇಳಿದ, "ಮೇಡಂ, ರನೌಟ್ ಅಂತ ಬರೀಲೋ, ಎಮ್ಮಿ ಅಂತ ಬರೀಲೋ?"

ಮನೆ ಮುಟ್ಟಿದ ಹುಡುಗಿ

ಕೊನೆಯದು ಬೇಸ್‌ಬಾಲಿನ ಕಥೆ. ಇಲ್ಲಿ ನಾನು ಅಂಪೈರ್ ಅಲ್ಲ, ಅಂಪೈರಿಗೆ ಕೈಮುಗಿಯುವ ಜಾಗದಲ್ಲಿದ್ದೆ. ಜಿಲ್ಲಾ ಮಟ್ಟದಲ್ಲಿ ಬಾಲಕಿಯರ ಬೇಸ್‌ಬಾಲ್ ಇದೆ ಎಂದು ಸುತ್ತೋಲೆ ಬಂದಾಗ ನಮ್ಮ ಹೆಡ್‌ಮಾಸ್ತರರು, "ಆ ಆಟ ನಮ್ಮ ಹುಡುಗ್ಯಾರಿಗೆ ಎಲ್ಲಿಂದ ಬರಬೇಕ್ರಿ?" ಎಂದಿದ್ದರು. ನನಗೆ ಹಟ ಬಂತು. ಕಾಗಿನೆಲೆ ಕಡೆಯ ಹಳ್ಳಿಗಳಿಂದ ಬರುವ ಹುಡುಗಿಯರನ್ನೇ ಕೂಡಿಸಿ ಎರಡು ತಿಂಗಳು ಕಲಿಸಿದೆ. ಹೊಲದಲ್ಲಿ ಹಕ್ಕಿ ಹೊಡೆದ ಕೈಗಳು, ಎಸೆತ ಕಲಿಸಬೇಕಾಗಲೇ ಇಲ್ಲ. ಆಟವೂ ಸರಳ: ಚೆಂಡು ಹೊಡೆದು, ಮೂರು ಮೂಲೆ ಮುಟ್ಟುತ್ತ ಓಡಿ, ಹೊರಟ ಜಾಗಕ್ಕೇ ವಾಪಸು ಬಂದರೆ ಒಂದು ರನ್. ಆ ಜಾಗಕ್ಕೆ ಹೋಮ್, ಅಂದರೆ ಮನೆ ಎಂದೇ ಹೆಸರು. ಮನೆ ಮುಟ್ಟುವ ಮೊದಲು ಎದುರಾಳಿ ಚೆಂಡು ಹಿಡಿದು ಮೈಗೆ ಮುಟ್ಟಿಸಿದರೆ ಔಟ್.

ಹಾವೇರಿಯ ಮೈದಾನದಲ್ಲಿ ಫೈನಲ್. ಎದುರಿಗೆ ಪೇಟೆಯ ತಂಡ, ಎಲ್ಲರಿಗೂ ಹೊಸ ಬೂಟು. ನಮ್ಮಲ್ಲಿ ಅರ್ಧ ಜನ ಬರಿಗಾಲು. ಆದರೂ ಕೊನೆಯ ಸರದಿಗೆ ಎರಡೂ ತಂಡ ಸಮಸಮ. ಇನ್ನೊಂದು ರನ್ ಬಂದರೆ ನಾವು ಗೆದ್ದಂತೆ.

ನಮ್ಮ ತಂಡದ ತೀರಾ ಕುಳ್ಳ ಹುಡುಗಿ ಮೂರನೆಯ ಮೂಲೆಯಲ್ಲಿದ್ದಳು. ಹೊಡೆತ ಬಿದ್ದದ್ದೇ ಬಿಟ್ಟ ಬಾಣದಂತೆ ಬಂದಳು. ಚೆಂಡೂ ಬಂತು. ಆಕೆ ಕೂತು ಜಾರಿದಳು, ಚೆಂಡು ಹಿಡಿಯುವ ಹುಡುಗಿ ಆಕೆಯ ಮೇಲೆ ಬಿದ್ದಳು, ಧೂಳೆದ್ದು ಅಂಪೈರನ ಕಣ್ಣು ತುಂಬಿತು.

"ಮುಟ್ಟಿಸೇನ್ರಿ ಸರ, ಔಟ್!" ಎಂದು ಎದುರಾಳಿ ಕೂಗಿದಳು. ನಮ್ಮವರೆಲ್ಲ "ಇಲ್ರೀ, ಇಲ್ಲ!" ಎಂದು ನುಗ್ಗಿದರು. ಅಂಪೈರ್ ಪಾಪ, ಕಣ್ಣುಜ್ಜುತ್ತ ಕೇಳಿದ, "ಮುಟ್ಟಿಸೀದಿ ಅಂದ್ರ ಚೆಂಡು ತೋರಸು."

ಆಕೆಯ ಗ್ಲೌಸು ಬರಿದು. ಚೆಂಡು ಎಲ್ಲೂ ಇಲ್ಲ. ಎರಡೂ ತಂಡದ ಹುಡುಗಿಯರು ನೆಲ ನೋಡುತ್ತ ಸುತ್ತತೊಡಗಿದರು. ನಮ್ಮ ಕುಳ್ಳಿ ಮಾತ್ರ ಮನೆಯ ಮೇಲೆ ಪದ್ಮಾಸನ ಹಾಕಿ ಕೂತೇ ಇದ್ದಳು.

"ಏಳವಾ, ನೋಡೂಣು" ಎಂದ ಅಂಪೈರ್.

"ಏಳಂಗಿಲ್ರಿ. ಮನಿ ಮುಟ್ಟಿದ ಮ್ಯಾಲ ಜಪ್ಪಯ್ಯ ಅಂದ್ರೂ ಏಳಬ್ಯಾಡ ಅಂತ ನಮ್ಮ ಟೀಚರ್ ಹೇಳ್ಯಾರ."

"ನಾ ಅಂಪೈರ್ ಅದೇನವಾ!"

"ಆದ್ರ ಏನಾತ್ರಿ? ನೀವು ನಮ್ಮ ಟೀಚರ್ ಅಲ್ಲಲ್ರಿ."

ಕೊನೆಗೆ ನಾನೇ ಓಡಿ ಹೋಗಬೇಕಾಯಿತು. "ಏಳ ಕೂಸ, ನಾನೇ ಹೇಳಾಕತ್ತೇನಿ." ಆಕೆ ಎದ್ದಳು. ಕಾವು ಕೂತ ಕೋಳಿ ಎದ್ದಾಗ ತತ್ತಿ ಕಾಣುವ ಹಾಗೆ, ಅಡಿಯಲ್ಲಿ ಚೆಂಡು!

"ಏನೋ ಚುಚ್ಚಾಕತ್ತಿತ್ರಿ ಟೀಚರ್" ಎಂದು ಆಕೆ ಹಿಂದೆ ತಿಕ್ಕಿಕೊಂಡಳು. "ಎದ್ರ ಔಟ್ ಕೊಡ್ತಾರಂತ ತಡ್ಕೊಂಡಿದ್ದೆ."

ಎದುರಾಳಿಯ ಕೈಯಿಂದ ಚೆಂಡು ಜಾರಿತ್ತು. ಅಂದರೆ ನಮ್ಮ ಹುಡುಗಿ ಔಟ್ ಅಲ್ಲ. ಬೇಸ್‌ಬಾಲಿನ ಪದ್ಧತಿಯಂತೆ ಅಂಪೈರ್ ಎರಡೂ ಕೈಗಳನ್ನು ಪಕ್ಕಕ್ಕೆ ಅಗಲವಾಗಿ ಚಾಚಿ 'ಸೇಫ್' ಎಂದು ತೋರಿಸಿದ. ಮೈಕು ಹಿಡಿದವನಿಗೆ ಗೊತ್ತಿದ್ದದ್ದು ಕ್ರಿಕೆಟ್ ಒಂದೇ. ಆತ ಮೈದಾನ ಅದುರುವಂತೆ ಕೂಗಿದ, "ವೈಡ್! ಅಂಪೈರ್ ವೈಡ್ ಕೊಟ್ಟಾರ್ರೀ! ಒಂದು ರನ್, ಮ್ಯಾಚ್ ಖಲಾಸ್!"

ಊರಿಂದ ಟ್ರ್ಯಾಕ್ಸ್ ಗಾಡಿಯಲ್ಲಿ ಬಂದಿದ್ದ ನಮ್ಮವರು ಟವೆಲ್ಲು ತೂರಿ ಕುಣಿದರು. ನಾನು ಅಳುತ್ತ ನಗುತ್ತ ಹದಿನೈದು ಹುಡುಗಿಯರ ಕೆಳಗೆ ಸಿಕ್ಕಿಬಿದ್ದೆ. ಹೊರಗೆ ಬಂದಾಗ ಕುಳ್ಳಿಯ ಅಪ್ಪ ಮಗಳನ್ನು ಹೆಗಲ ಮೇಲೆ ಹೊತ್ತು ಎದುರು ನಿಂತಿದ್ದರು. ಕಣ್ಣು ಒದ್ದೆ.

"ಭಾಳ ಉಪಕಾರ ಆತ್ರಿ ಟೀಚರ್" ಎಂದರು. ಆಮೇಲೆ ಮಗಳಿಗೆ ಕೇಳದ ಹಾಗೆ ನನ್ನ ಕಿವಿ ಹತ್ತಿರ ಬಗ್ಗಿ, "ಈಕಿ ಸುಮ್ನ ನೆಲಕ್ಕ ಬಿದ್ದು ಕುಂತಬಿಟ್ಲು. ಆ ವೈಡ್ ಬರಲಿಲ್ಲಂದ್ರ ನಮ್ಮ ಮಾನ ಹೋಗ್ತಿತ್ತು ನೋಡ್ರಿ!"